ಬಿಡುವೂ ತಾಲೀಮೇ

ಹತ್ತು ಸಲ ಕಾಲು ಮೈಲಿ ಓಟ, ಓಟ ಓಟದ ನಡುವೆ ಎರಡು ನಿಮಿಷ ಬಿಡುವು. 1953ರ ಡಿಸೆಂಬರಿನಿಂದ ರೋಜರ್ ಬ್ಯಾನಿಸ್ಟರ್ ನಡೆಸಿದ ಮುಖ್ಯ ಅಭ್ಯಾಸ ಇಷ್ಟೇ. ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದ ಅವರ ಗುರಿ, ಅದುವರೆಗೆ ಯಾರಿಗೂ ದಕ್ಕದಿದ್ದ ನಾಲ್ಕು ನಿಮಿಷದ ಮೈಲಿ. ಅದು ಆಗಬೇಕಾದರೆ ಪ್ರತಿ ಕಾಲು ಮೈಲಿಗೂ ಸರಾಸರಿ 60 ಸೆಕೆಂಡಿಗಿಂತ ಕಡಿಮೆ ಹೊತ್ತು ಹಿಡಿಯಬೇಕು. 66 ಸೆಕೆಂಡಿನಿಂದ ಶುರುವಾದ ಅಭ್ಯಾಸ ತಿಂಗಳಿಂದ ತಿಂಗಳಿಗೆ ಚುರುಕಾಗುತ್ತಾ 1954ರ ಏಪ್ರಿಲ್ ಹೊತ್ತಿಗೆ 61ಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಎಷ್ಟು ಹೆಣಗಿದರೂ ಆ ಒಂದು ಸೆಕೆಂಡು ಕದಲಲಿಲ್ಲ.

ಬೇರೆಯವರಾದರೆ ಹತ್ತು ಸುತ್ತನ್ನು ಹದಿನೈದು ಮಾಡುತ್ತಿದ್ದರೇನೋ. ಬ್ಯಾನಿಸ್ಟರ್ ಓಟವನ್ನೇ ಬಿಟ್ಟರು. ಜೊತೆಗಾರ ಕ್ರಿಸ್ ಬ್ರಾಷರ್ ಅವರೊಂದಿಗೆ ರಾತ್ರೋರಾತ್ರಿ ಕಾರಿನಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಗ್ಲೆನ್‌ಕೋ ಕಣಿವೆಯ ಬಂಡೆಗಳನ್ನು ಮೂರು ದಿನ ಹತ್ತಿದರು. ಅದೇನೂ ಮಾದರಿ ವಿಶ್ರಾಂತಿಯಲ್ಲ. ನಿದ್ದೆ ಸಾಲಲಿಲ್ಲ, ಊಟಕ್ಕೆ ಹೊತ್ತುಗೊತ್ತು ಇರಲಿಲ್ಲ. ಆದರೆ ಒಂದೇ ಬಗೆಯ ಹೊಡೆತ ತಿಂದು ತಿಂದು ಸವೆದಿದ್ದ ಕಾಲಿಗೂ, ಗಡಿಯಾರಕ್ಕೆ ಅಂಟಿಕೊಂಡಿದ್ದ ಮನಸ್ಸಿಗೂ ಬಿಡುಗಡೆ ಸಿಕ್ಕಿತ್ತು. ಹಿಂದಿರುಗಿ ಅದೇ ಹತ್ತು ಸುತ್ತು ಓಡಿದಾಗ ಗಡಿಯಾರ 59 ಸೆಕೆಂಡು ತೋರಿಸಿತು. ಆಮೇಲೆ ಸ್ಪರ್ಧೆಗೆ ಮುಂಚಿನ ಐದು ದಿನ ಅವರು ಓಡಲೇ ಇಲ್ಲ. ಮೇ 6ರ ಸಂಜೆ ಆಕ್ಸ್‌ಫರ್ಡಿನ ಇಫ್ಲಿ ರಸ್ತೆಯ ಮೈದಾನದಲ್ಲಿ ಮೈಲಿ ಮುಗಿದಾಗ ಆಗಿದ್ದ ಹೊತ್ತು 3 ನಿಮಿಷ 59.4 ಸೆಕೆಂಡು.

ಬಿಡುವು ಸಿಕ್ಕರೆ ವೇಗ ಹೇಗೆ ಹೆಚ್ಚುತ್ತದೆ? ಓಡುವಾಗಲೂ ಭಾರ ಎತ್ತುವಾಗಲೂ ದೇಹದಲ್ಲಿ ನಡೆಯುವುದು ಖರ್ಚು ಮತ್ತು ಸವಕಳಿ. ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂನಷ್ಟು ಶೇಖರವಾಗಿರುವ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು ಕರಗುತ್ತದೆ. ಅನ್ನ, ರೊಟ್ಟಿ, ಮುದ್ದೆ ಸಾಕಷ್ಟು ಸಿಕ್ಕರೂ ಅದು ಮತ್ತೆ ತುಂಬಲು ಹೆಚ್ಚುಕಡಿಮೆ ಒಂದು ದಿನ ಬೇಕು. ಸ್ನಾಯುವಿನ ಎಳೆಗಳಲ್ಲಿ ಸಣ್ಣ ಬಿರುಕುಗಳಾಗುತ್ತವೆ. ಅವನ್ನು ಮೊದಲಿಗಿಂತ ಗಟ್ಟಿಯಾಗಿ ಹೆಣೆಯುವ ಕೆಲಸ ವ್ಯಾಯಾಮ ಮುಗಿದ ಮೇಲೆ 24ರಿಂದ 48 ಗಂಟೆಗಳ ಕಾಲ ಬಿರುಸಾಗಿ ನಡೆಯುತ್ತದೆ. ಬೆಳವಣಿಗೆ ಎನ್ನುವುದು ಇದನ್ನೇ. ಅದು ಜಿಮ್ಮಿನಿಂದ ಮನೆಗೆ ಬಂದ ಮೇಲಿನ ಸಂಗತಿ. ಕಾಂಕ್ರೀಟ್ ಸುರಿದ ಮಾರನೆಯ ದಿನವೇ ಅದರ ಮೇಲೆ ಇನ್ನೊಂದು ಮಹಡಿ ಏರಿಸುವ ಮೇಸ್ತ್ರಿ ಎಲ್ಲೂ ಇಲ್ಲ. ನೀರುಣಿಸುತ್ತಾ ದಿನಗಟ್ಟಲೆ ಕಾಯುತ್ತಾನೆ.

ಮೂಳೆಯದು ಇನ್ನೂ ನಿಧಾನದ ಲೆಕ್ಕ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಅಗೆದು ತೆಗೆಯುತ್ತದೆ. ಇದಕ್ಕೆ ಸುಮಾರು ಮೂರು ವಾರ. ಆ ಗುಳಿಯನ್ನು ಹೊಸ ಮೂಳೆಯಿಂದ ತುಂಬಲು ಮೂರು ತಿಂಗಳೇ ಹಿಡಿಯಬಹುದು. ನಡುವಿನ ಅವಧಿಯಲ್ಲಿ ಆ ಜಾಗ ಮೊದಲಿಗಿಂತ ದುರ್ಬಲ. 1855ರಲ್ಲಿ ಬ್ರೈಟ್‌ಹೌಪ್ಟ್ ಎಂಬ ಪ್ರಷ್ಯದ ಸೇನಾ ವೈದ್ಯ, ದೂರದೂರ ಕವಾಯತು ನಡೆದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಮೊದಲ ಬಾರಿಗೆ ವರ್ಣಿಸಿದ. ಅದು ಪಾದದ ಮೂಳೆಯ ಕೂದಲೆಳೆ ಬಿರುಕು ಎಂದು ಗೊತ್ತಾದದ್ದು ಎಕ್ಸ್‌ರೇ ಬಂದ ಮೇಲೆ. ಇವತ್ತು ಅದೇ ಬಿರುಕು, ಉತ್ಸಾಹದಲ್ಲಿ ಓಟ ಶುರುಮಾಡಿ ಎರಡು ತಿಂಗಳೊಳಗೆ ದೂರವನ್ನು ಮೂರುಪಟ್ಟು ಮಾಡಿಕೊಂಡವರ ಮೊಣಕಾಲ ಕೆಳಗಿನ ಮೂಳೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹೃದಯ, ಸ್ನಾಯು ಬೇಗ ಪಳಗುತ್ತವೆ. ಮೂಳೆ, ಸ್ನಾಯುರಜ್ಜು ಹಿಂದುಳಿಯುತ್ತವೆ. ಉಸಿರು ಸಾಕಷ್ಟಿದೆ ಎಂಬ ಧೈರ್ಯದಲ್ಲಿ ಓಡುವವರಿಗೆ ಪೆಟ್ಟಾಗುವುದು ಹೀಗೆ.

ದಣಿವೆಲ್ಲ ಕೆಟ್ಟದ್ದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ದಣಿಯದೆ ದೇಹ ಬದಲಾಗುವುದಿಲ್ಲ. ಯೂರೋಪ್ ಮತ್ತು ಅಮೆರಿಕದ ಕ್ರೀಡಾವೈದ್ಯ ಸಂಸ್ಥೆಗಳು 2013ರಲ್ಲಿ ಒಟ್ಟಾಗಿ ಹೊರತಂದ ಹೇಳಿಕೆ ದಣಿವನ್ನು ಮೂರು ಹಂತವಾಗಿ ನೋಡುತ್ತದೆ. ಕೆಲವು ದಿನ ಅಥವಾ ಒಂದೆರಡು ವಾರದ ಬಿಡುವಿನಲ್ಲಿ ತೀರಿ, ಆಮೇಲೆ ಶಕ್ತಿ ಹೆಚ್ಚಿಸುವ ದಣಿವು ಮೊದಲನೆಯದು. ವಾರಗಟ್ಟಲೆ, ತಿಂಗಳುಗಟ್ಟಲೆ ಕಾಡಿ, ಲಾಭವನ್ನೂ ಕೊಡದೆ ಹೋಗುವಂಥದು ಎರಡನೆಯದು. ಮೂರನೆಯದು ಅತಿತಾಲೀಮಿನ ಕಾಯಿಲೆ. ಹಲವು ತಿಂಗಳಾದರೂ ಬಿಡದು, ನಿದ್ದೆ, ಮನಸ್ಸು, ಹಾರ್ಮೋನು, ರೋಗನಿರೋಧಕ ಶಕ್ತಿ ಎಲ್ಲವನ್ನೂ ಮುಟ್ಟುತ್ತದೆ. ಇದನ್ನು ಪತ್ತೆಹಚ್ಚುವ ಒಂದೇ ರಕ್ತಪರೀಕ್ಷೆ ಎಂಬುದಿಲ್ಲ. ಬೇರೆ ಕಾಯಿಲೆಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ವೈದ್ಯರು ಈ ಹೆಸರು ಹೇಳುತ್ತಾರೆ.

ಅತಿತಾಲೀಮು ಹೇಗೆ ಸವೆಸುತ್ತದೆ ಎಂಬುದಕ್ಕೆ ಅಮೆರಿಕದ ಓಟಗಾರ ಆಲ್ಬರ್ಟೊ ಸಲಜಾರ್ ಉದಾಹರಣೆ. ಅವರು 1982ರ ಏಪ್ರಿಲಿನಲ್ಲಿ ಬಿಸಿಲಿನ ಬಾಸ್ಟನ್ ಮ್ಯಾರಥಾನನ್ನು ಬರೀ ಎರಡು ಸೆಕೆಂಡಿನ ಅಂತರದಲ್ಲಿ ಗೆದ್ದು ಕುಸಿದುಬಿದ್ದರು. ನೀರು ಕುಡಿದದ್ದು ತೀರಾ ಕಡಿಮೆ, ಲೀಟರುಗಟ್ಟಲೆ ಡ್ರಿಪ್ ಏರಿಸಬೇಕಾಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಇನ್ನೊಮ್ಮೆ ಗೆದ್ದರೂ ಮುಂದೆ ಪದೇಪದೇ ನೆಗಡಿ, ಎದೆಯ ಸೋಂಕು. ತಗ್ಗದ ತಾಲೀಮು ನಡೆದೇ ಇತ್ತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಅವರು ಮುಗಿಸಿದ್ದು 15ನೆಯವರಾಗಿ. ಆಗಿನ್ನೂ ಅವರಿಗೆ 26 ವರ್ಷ.

ಇವು ಮೇಲ್ಮಟ್ಟದ ಓಟಗಾರರ ಕಥೆ. ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಓಡಿ ಒಂಬತ್ತಕ್ಕೆ ಆಫೀಸಿಗೆ ಹೊರಡುವವರು ವಾರಕ್ಕೆ ಐದಾರು ಗಂಟೆಗಿಂತ ಹೆಚ್ಚು ವ್ಯಾಯಾಮ ಮಾಡುವುದು ಅಪರೂಪ. ಆದರೂ ಅವರಲ್ಲಿ ಕೆಲವರು ಸೊರಗುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅಲ್ಲಿ ಹೆಚ್ಚಾದದ್ದು ವ್ಯಾಯಾಮವಲ್ಲ, ಕಡಿಮೆಯಾದದ್ದು ಊಟ ಮತ್ತು ನಿದ್ದೆ. ಈ ಅಧ್ಯಾಯ ಒತ್ತಿ ಹೇಳಬೇಕಾದದ್ದು ಇದನ್ನೇ.

ಊಟದ ಕೊರತೆಗೆ ಒಂದು ಲೆಕ್ಕವಿದೆ. ದಿನದಲ್ಲಿ ತಿಂದ ಕ್ಯಾಲೊರಿಯಿಂದ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದು, ಉಳಿದದ್ದನ್ನು ದೇಹದ ಕೊಬ್ಬುರಹಿತ ತೂಕದಿಂದ ಭಾಗಿಸುವುದು. ಹೃದಯ, ಮಿದುಳು, ಮೂಳೆ, ಗರ್ಭಕೋಶ ಎಲ್ಲಕ್ಕೂ ಉಳಿಯುವ ಬಂಡವಾಳ ಅದು. ಕಿಲೋಗೆ 45ರ ಆಸುಪಾಸಿದ್ದರೆ ಸೊಗಸು. 30ಕ್ಕಿಂತ ಕೆಳಗೆ ಬಹಳ ದಿನ ಉಳಿದರೆ ಅಪಾಯ ಹೆಚ್ಚುತ್ತದೆ. 55 ಕಿಲೋ ತೂಕದ, 44 ಕಿಲೋ ಕೊಬ್ಬುರಹಿತ ತೂಕವಿರುವ ಹೆಣ್ಣುಮಗಳೊಬ್ಬಳು ಸಣ್ಣಗಾಗಬೇಕೆಂದು 1800 ಕ್ಯಾಲೊರಿಯಷ್ಟೇ ಉಂಡು, ಓಟದಲ್ಲಿ 600 ಖರ್ಚು ಮಾಡಿದರೆ ಉಳಿಯುವುದು 1200. ಕಿಲೋಗೆ ಸುಮಾರು 27. ಆಕೆಗೆ ತಾನು ಉಪವಾಸವಿದ್ದೇನೆ ಎನ್ನಿಸುವುದೇ ಇಲ್ಲ. ದೇಹಕ್ಕೆ ಮಾತ್ರ ಅದು ಬರಗಾಲ. ಮೊದಲು ಕೈಬಿಡುವುದು ಸದ್ಯಕ್ಕೆ ಬೇಡದ ಕೆಲಸಗಳನ್ನು: ಮುಟ್ಟು ಏರುಪೇರಾಗುತ್ತದೆ ಅಥವಾ ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಗಾಯ ಬೇಗ ಮಾಯುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಹೆಸರಿಟ್ಟು, ಗಂಡಸರಲ್ಲೂ ಇದು ಉಂಟೆಂದು ಸಾರಿತು. ಕಠಿಣ ತಾಲೀಮಿನಲ್ಲಿ ಮುಟ್ಟು ನಿಲ್ಲುವುದು ಮಾಮೂಲು ಎಂದು ಹೇಳುವ ತರಬೇತುದಾರರು ಇನ್ನೂ ಇದ್ದಾರೆ. ಅದು ತಪ್ಪು, ವೈದ್ಯರಲ್ಲಿಗೆ ಹೋಗಲೇಬೇಕಾದ ಸೂಚನೆ ಅದು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಕ್ಕೆ ತಾಲೀಮನ್ನು ದೂರುವ ಮೊದಲು ಹಿಮೋಗ್ಲೋಬಿನ್, ಕಬ್ಬಿಣಾಂಶ, ಥೈರಾಯ್ಡ್ ನೋಡಿಸಿಕೊಳ್ಳುವುದು ಜಾಣತನ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ಸರಿಯಾಗಿ ಹೀರಿಕೆಯಾಗದು. ನಿಂಬೆರಸ ಹಿಂಡಿದರೆ ಹೆಚ್ಚು ಹೀರಿಕೆಯಾಗುತ್ತದೆ. ಕೋಸಂಬರಿಗೆ ನಿಂಬೆಹಣ್ಣು ಹಿಂಡುವ ಅಡುಗೆಮನೆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ.

ಊಟಕ್ಕೆ ದುಬಾರಿ ಡಬ್ಬಿಗಳೇ ಬೇಕೆಂದಿಲ್ಲ. ಸಾಮಾನ್ಯ ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಪ್ರೋಟೀನು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ನಿಯಮಿತವಾಗಿ ಬೆವರು ಹರಿಸುವವರಿಗೆ 1.2ರಿಂದ 2 ಗ್ರಾಂ ಎಂಬುದು ಕ್ರೀಡಾಪೋಷಣೆಯ ತಜ್ಞರ ಸಲಹೆ. 60 ಕಿಲೋದವರಿಗೆ ಕನಿಷ್ಠ 72 ಗ್ರಾಂ ಆಯಿತು. ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಂಗೂ ಮಿಕ್ಕಿ, ಒಂದು ಮೊಟ್ಟೆಯಲ್ಲಿ 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 6-7 ಗ್ರಾಂ ಸಿಗುತ್ತದೆ. ರಾಗಿಯಲ್ಲಿ ಪ್ರೋಟೀನು ಶೇ. 7ರಷ್ಟೇ, ಆದರೆ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ. ಬಿರುಕುಬಿಡುವ ಮೂಳೆಗೆ ಬೇಕಾದದ್ದೇ ಅದು. ಮುದ್ದೆಗೆ ಹುರುಳಿ ಸಾರು, ಜೋಳದ ರೊಟ್ಟಿಗೆ ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ಇವೆಲ್ಲ ಓಟಗಾರನ ಊಟವೇ. ಕೆಡುಕಾಗುವುದು ಪಿಷ್ಟವನ್ನು ಶತ್ರುವೆಂದು ತಿಳಿದು ಅನ್ನ, ಮುದ್ದೆಯನ್ನೇ ಬಿಟ್ಟು, ಬರಿಹೊಟ್ಟೆಯಲ್ಲಿ ದಿನವೂ ಗಂಟೆಗಟ್ಟಲೆ ಓಡುವುದರಲ್ಲಿ.

ನಿದ್ದೆಯ ಬಗ್ಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಹೆಸರುವಾಸಿ. ಚೆರಿ ಮಾ ಮತ್ತು ಸಂಗಡಿಗರು 11 ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಐದರಿಂದ ಏಳು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಲು ಒಪ್ಪಿಸಿದರು. ತಾಲೀಮನ್ನು ಬದಲಿಸಲಿಲ್ಲ. ಮೈದಾನದ ಗೊತ್ತಾದ ದೂರವನ್ನು ಓಡುವ ಹೊತ್ತು 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು, ಬುಟ್ಟಿಗೆ ಗುರಿ ಶೇ. 9ರಷ್ಟು ಸುಧಾರಿಸಿತು. ಗುಂಪು ಚಿಕ್ಕದು, ನಿಜ. ಆದರೂ ರಾತ್ರಿ ಹನ್ನೆರಡರವರೆಗೆ ಮೊಬೈಲು ನೋಡಿ ನಾಲ್ಕೂವರೆಗೆ ಅಲಾರಂ ಇಟ್ಟು ಓಡಲು ಹೋಗುವ ಶಿಸ್ತು ಶಿಸ್ತಲ್ಲ ಎಂದು ತಿಳಿಯಲು ಇಷ್ಟು ಸಾಕು. ಆ ಮುಂಜಾನೆ ಮಲಗಿರುವುದೇ ಲೇಸು.

ಎಷ್ಟು ದಣಿಯಬೇಕೆಂಬ ಪ್ರಶ್ನೆ ಹೊಸದಲ್ಲ. ಸುಮಾರು 7ನೇ ಶತಮಾನದ ವಾಗ್ಭಟ ‘ಅಷ್ಟಾಂಗಹೃದಯ’ದಲ್ಲಿ ಬಲವಂತರು, ಜಿಡ್ಡಿನ ಊಟ ಉಣ್ಣುವವರು ಕೂಡ ಚಳಿಗಾಲ, ವಸಂತಗಳಲ್ಲಿ ಅರ್ಧಶಕ್ತಿಯವರೆಗೆ ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಎನ್ನುತ್ತಾನೆ. ಮುಗಿದ ಮೇಲೆ ಮೈಯನ್ನು ಹಿತವಾಗಿ ತಿಕ್ಕಿಸಿಕೊಳ್ಳಬೇಕು. ಅತಿಯಾದರೆ ಬರುವುದೆಂದು ಕೊಡುವ ಪಟ್ಟಿಯಲ್ಲಿ ಬಾಯಾರಿಕೆ, ಸೊರಗುವಿಕೆ, ಏದುಸಿರು, ಕೆಮ್ಮು, ಜ್ವರ, ವಾಂತಿ ಇವೆ. ಮೈಸೂರಿನ ಗರಡಿಗಳಲ್ಲಿ ಸಾಮು, ಎಣ್ಣೆ ಮಾಲೀಶು, ಹಾಲು-ತುಪ್ಪ-ಬಾದಾಮಿಗಳು ಒಂದಕ್ಕೊಂದು ಅಂಟಿಕೊಂಡೇ ಬಂದಿವೆ. ಹಳಬರಿಗೆ ಇಂದಿನ ಶರೀರಶಾಸ್ತ್ರ ಗೊತ್ತಿತ್ತೆಂದು ಇದರಿಂದ ಹೇಳಬೇಕಾಗಿಲ್ಲ. ಮಟ್ಟಿಯಲ್ಲಿ ದಿನವೂ ಮೈ ನೋಡಿದವರ ಅನುಭವ ಅದು. ಇಂದಿನ ಅಳತೆಗಳೂ ಇದಕ್ಕೆ ಹತ್ತಿರದ್ದನ್ನೇ ಹೇಳುತ್ತವೆ. ನಾರ್ವೆಯಲ್ಲಿ ಕೆಲಸ ಮಾಡುವ ಕ್ರೀಡಾವಿಜ್ಞಾನಿ ಸ್ಟೀಫನ್ ಸೀಲರ್ ಜಗತ್ತಿನ ಉತ್ತಮ ದೂರದ ಓಟಗಾರರ, ಸ್ಕೀಯಿಂಗ್ ಪಟುಗಳ, ದೋಣಿ ಹುಟ್ಟುಹಾಕುವವರ ತಾಲೀಮನ್ನು ಲೆಕ್ಕಹಾಕಿದಾಗ, ಐದರಲ್ಲಿ ಸುಮಾರು ನಾಲ್ಕು ತಾಲೀಮುಗಳಲ್ಲಿ ಅವರು ಆರಾಮವಾಗಿ, ಮಾತಾಡುತ್ತಾ ಸಾಗುವಷ್ಟು ವೇಗದಲ್ಲಿ ಇರುತ್ತಾರೆಂದು ಕಂಡುಬಂತು. ಹವ್ಯಾಸಿಗಳು ಇದರ ತದ್ವಿರುದ್ಧ: ಪ್ರತಿದಿನವೂ ಅರೆಕಷ್ಟ. ಹಗುರವಾಗಬೇಕಾದ ದಿನ ಹಗುರವಲ್ಲ, ಬಿರುಸಾಗಬೇಕಾದ ದಿನ ಬಿರುಸೂ ಇಲ್ಲ.

ಹಾಗಾದರೆ ವಾರ ಹೇಗಿರಬೇಕು? ಇಬ್ಬರಿಗೆ ಒಂದೇ ಪಟ್ಟಿ ಹೊಂದದು. ಬಿರುಸಿನ ದಿನಗಳು ಎರಡು ಸಾಕು, ಅವೆರಡರ ನಡುವೆ 48 ಗಂಟೆ ಇರಲಿ. ಒಂದು ದಿನ ಪೂರ್ತಿ ಬಿಡುವು. ಮೂರು ವಾರ ಏರಿಸಿದರೆ ನಾಲ್ಕನೆಯ ವಾರ ಇಳಿಸುವುದು ಹಲವು ತರಬೇತುದಾರರ ರೂಢಿ. ಮನೆಯಲ್ಲಿ ಮದುವೆ, ಮಗುವಿಗೆ ಜ್ವರ, ಆಫೀಸಿನಲ್ಲಿ ರಾತ್ರಿಪಾಳಿ ಇದ್ದರೆ ಅದೂ ಹೊರೆಯೇ. ಬೆಳಿಗ್ಗೆ ಎದ್ದಕೂಡಲೇ ನಾಡಿ ಎಣಿಸಿ ಬರೆದಿಡುವುದು ಖರ್ಚಿಲ್ಲದ ಉಪಾಯ. ಮಾಮೂಲಿಗಿಂತ ಏಳೆಂಟು ಬಡಿತ ಹೆಚ್ಚು, ಜೊತೆಗೆ ನಿದ್ದೆ ಹರಿದುಹೋಗುವುದು, ಹಸಿವು ಸತ್ತಂತಾಗುವುದು, ಸಣ್ಣದಕ್ಕೂ ಸಿಡಿಮಿಡಿ, ನಿನ್ನೆಯ ಸುಲಭದ ಓಟ ಇವತ್ತು ಭಾರ, ಇವು ಕೆಲವು ದಿನ ಒಟ್ಟಿಗೇ ಬಂದರೆ ತಾಲೀಮು ಇಳಿಸುವ ಹೊತ್ತು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಹೃದಯ ತಪಾಸಣೆಗೆ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಜಿಮ್ಮೇ ಕಾರಣವೆಂಬ ಮಾತೂ ಹಬ್ಬಿತು. ಅತಿತಾಲೀಮು, ಹೃದಯದ ತೊಂದರೆ, ಈ ಎರಡನ್ನು ಬೆರೆಸಬಾರದು. ಅತಿತಾಲೀಮು ತಿಂಗಳುಗಳಲ್ಲಿ ನಿಧಾನವಾಗಿ ಕೂಡಿಬರುವ ಸೊರಗು. ಎದೆನೋವು, ತಲೆಸುತ್ತು, ಕಾರಣವಿಲ್ಲದ ಏದುಸಿರು ಹೃದಯದ ತುರ್ತು ಸೂಚನೆಗಳು, ವಿಶ್ರಾಂತಿಯಿಂದ ನಿಭಾಯಿಸುವಂಥವಲ್ಲ. ಹಾಗೆಯೇ ಅಭ್ಯಾಸವಿಲ್ಲದೆ ಒಮ್ಮೆಲೇ ನೂರಾರು ಬಸ್ಕಿ ಹೊಡೆದ ಮೇಲೆ ತೊಡೆ ಊದಿಕೊಂಡು, ಮೂತ್ರ ಕಪ್ಪುಕಾಫಿಯ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿದೆ ಎಂದರ್ಥ. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಇವೆಲ್ಲದರಿಂದ ಹೆದರಿ ಕೂರುವುದಂತೂ ಸಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಬೇಕೆನ್ನುತ್ತದೆ. ಅದನ್ನು ಮುಟ್ಟದವರೂ ಬಹಳ ಮಂದಿ.

ಇನ್ನು ಬೆಂಗಳೂರಿನ 10ಕೆ ಓಟಕ್ಕೋ, ಊರಿನ ಮ್ಯಾರಥಾನಿಗೋ ಹೆಸರು ಕೊಟ್ಟವರಿಗೆ ಕಷ್ಟದ ಕಾಲ ಕೊನೆಯ ಎರಡು ವಾರ. ಓಟದ ವೇಗವನ್ನು ಉಳಿಸಿಕೊಂಡು ಒಟ್ಟು ದೂರವನ್ನು ಶೇ. 40ರಿಂದ 60ರಷ್ಟು ಇಳಿಸಿದವರ ಸಾಧನೆ ಸರಾಸರಿ ಶೇ. 2-3ರಷ್ಟು ಸುಧಾರಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಹತ್ತು ಕಿಲೋಮೀಟರಿಗೆ ಒಂದು ಗಂಟೆ ತೆಗೆದುಕೊಳ್ಳುವವರಿಗೆ ಶೇ. 2 ಎಂದರೂ 72 ಸೆಕೆಂಡು. ಆ ದಿನಗಳಲ್ಲಿ ಕಾಲು ಸುಮ್ಮನಿರುವುದಿಲ್ಲ, ಗಳಿಸಿದ್ದೆಲ್ಲ ಸೋರಿಹೋಗುತ್ತಿದೆ ಎಂಬ ಅಳುಕು ಕಾಡುತ್ತದೆ, ಕೊನೆಯ ಭಾನುವಾರ ಇನ್ನೊಂದು ದೂರದ ಓಟ ಓಡಿಬಿಡೋಣ ಎನ್ನಿಸುತ್ತದೆ. ಓಡಬಾರದು. ಅಷ್ಟು ತಡವಾಗಿ ಮಾಡಿದ ತಾಲೀಮಿನ ಲಾಭ ಮೈಗೆ ಹತ್ತುವ ಹೊತ್ತಿಗೆ ಸ್ಪರ್ಧೆ ಮುಗಿದಿರುತ್ತದೆ. ಆ ಬೆಳಿಗ್ಗೆ ಕಾಲಿನಲ್ಲಿ ಉಳಿಯುವುದು ಅದರ ದಣಿವು ಮಾತ್ರ.