ಒಂದೇ ಹೆಸರು, ಹಲವು ಬೋಲ್ಟ್: ಹಳೆಯ ಸ್ವೀಡಿಷ್ ಬೇಟೆ ರೈಫಲ್‌ಗಳ ಮಾದರಿ ಗುರುತಿಸುವ ಬಗೆ

ಹಸ್ಕ್‌ವರ್ನಾ ಎಂದರೆ ಬೆಂಗಳೂರಿನ ಬೈಕ್ ಪ್ರಿಯರಿಗೆ 2020ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಸ್ವಾರ್ಟ್‌ಪಿಲೆನ್ ಮತ್ತು ವಿಟ್‌ಪಿಲೆನ್ ನೆನಪಾಗುತ್ತವೆ. ಮಲೆನಾಡಿನ ತೋಟಗಾರರಿಗೆ ಅದು ಮರ ಕೊಯ್ಯುವ ಯಂತ್ರದ ಹೆಸರು. ಆದರೆ ಈ ಕಂಪನಿ ಹುಟ್ಟಿದ್ದು ಬಂದೂಕಿಗಾಗಿ. 1689ರಲ್ಲಿ ಸ್ವೀಡನ್‌ನ ದೊರೆಯ ಸೈನ್ಯಕ್ಕೆ ಕೋವಿಗಳನ್ನು ಪೂರೈಸಲು ವೆಟರ್ನ್ ಸರೋವರದ ಬಳಿ, ಜಲಪಾತವೊಂದರ ನೀರಿನ ಬಲವನ್ನು ನೆಚ್ಚಿಕೊಂಡು ಕಾರ್ಖಾನೆ ಆರಂಭವಾಯಿತು. ಹೊಲಿಗೆ ಯಂತ್ರ, ಸೈಕಲ್, ಬೈಕು ಎಲ್ಲವೂ ಅನಂತರ ಬಂದವು. ಇಂದಿಗೂ ಕಿರೀಟದಂತೆ ತೋರುವ ಅದರ ಲಾಂಛನ, ನಳಿಗೆಯ ಮೇಲಿನ ಗುರಿಕಣ್ಣನ್ನು ನೇರವಾಗಿ ನೋಡಿದಾಗ ಕಾಣುವ ಆಕಾರವೇ ಆಗಿದೆ.

ಇದೇ ಕಾರ್ಖಾನೆಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ತಯಾರಾದ ಬೋಲ್ಟ್ ಬೇಟೆ ರೈಫಲ್‌ಗಳು ಯುರೋಪ್ ಹಾಗೂ ಅಮೆರಿಕದ ಹಳೆಯ ಬಂದೂಕುಗಳ ಮಾರುಕಟ್ಟೆಯಲ್ಲಿ ಈಗಲೂ ಕೈ ಬದಲಿಸುತ್ತಿವೆ. ಮಾರುವವರು ಬಹುತೇಕ ಎಲ್ಲವನ್ನೂ 'ಸ್ವೀಡಿಷ್ ಮೌಸರ್' ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ತೊಡಕು ಇರುವುದು ಇಲ್ಲಿಯೇ. ಆ ಒಂದು ಹೆಸರಿನಡಿ ಕನಿಷ್ಠ ಮೂರು ಬೇರೆ ಬೇರೆ ವಿನ್ಯಾಸಗಳಿವೆ. ಅವುಗಳ ಬಲ ಒಂದೇ ಅಲ್ಲ. ಅವುಗಳಲ್ಲಿ ಬಳಸಬಹುದಾದ ಕಾಡತೂಸುಗಳೂ ಒಂದೇ ಅಲ್ಲ. ಮಾದರಿಯನ್ನು ತಪ್ಪಾಗಿ ತಿಳಿದರೆ ನಷ್ಟವಾಗುವುದು ಹಣ ಮಾತ್ರವಲ್ಲ, ಕಣ್ಣಿಗೂ ಅಪಾಯವುಂಟು.

ಮೊದಲಿಗೆ ಒಂದು ವಿವರಣೆ. ನಳಿಗೆಯ ಹಿಂಬದಿಯಲ್ಲಿ ಕಾಡತೂಸನ್ನು ಒಳಗೆ ತಳ್ಳಿ ಬಾಗಿಲು ಹಾಕಿದಂತೆ ಭದ್ರಪಡಿಸುವ ಉಕ್ಕಿನ ಕೊಳವೆಯೇ ಬೋಲ್ಟ್. ಅದು ಜಾರುವ ಲೋಹದ ಕವಚಕ್ಕೆ ರಿಸೀವರ್ ಎನ್ನುತ್ತಾರೆ. ಎರಡೂ ಸೇರಿದ ಭಾಗಕ್ಕೆ ಆ್ಯಕ್ಷನ್ ಎಂಬ ಹೆಸರು ರೂಢಿಯಲ್ಲಿದೆ. ಗುಂಡು ಸಿಡಿದಾಗ ಹುಟ್ಟುವ ಒತ್ತಡವನ್ನು ತಡೆಯುವುದು ಈ ಭಾಗವೇ. ಮರದ ಕೆತ್ತನೆ, ನಳಿಗೆಯ ಹೊಳಪು, ದುರ್ಬೀನಿನ ಕಂಪನಿ ಇವೆಲ್ಲ ಬದಲಾಗಬಲ್ಲವು, ಬದಲಾಗಿಯೂ ಇರುತ್ತವೆ. ಆದ್ದರಿಂದ ರೈಫಲ್‌ನ ಜಾತಿ ನಿರ್ಧಾರವಾಗಬೇಕಾದದ್ದು ಆ್ಯಕ್ಷನ್‌ನಿಂದ.

ಸೈನ್ಯದ ಮನೆಯಿಂದ ಕಾಡಿಗೆ

ಮೊದಲ ವಿನ್ಯಾಸದ ಮೂಲ ಸ್ವೀಡಿಷ್ ಸೈನ್ಯದಲ್ಲಿದೆ. ಸ್ವೀಡನ್ ಮತ್ತು ನಾರ್ವೆ ಒಂದೇ ದೊರೆಯ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಎರಡೂ ದೇಶಗಳು ಸೇರಿ 6.5×55 ಎಂಬ ಕಾಡತೂಸನ್ನು ರೂಪಿಸಿಕೊಂಡವು. ಗುಂಡಿನ ಅಳತೆ 6.5 ಮಿಲಿಮೀಟರ್, ಹಿತ್ತಾಳೆ ಕವಚದ ಉದ್ದ 55 ಮಿಲಿಮೀಟರ್ ಎಂಬುದು ಈ ಅಂಕಿಗಳ ಅರ್ಥ. ಬಂದೂಕಿನ ವಿಷಯದಲ್ಲಿ ಮಾತ್ರ ದಾರಿ ಬೇರೆಯಾಯಿತು. ನಾರ್ವೆ ಕ್ರಾಗ್ ರೈಫಲನ್ನು ಆರಿಸಿಕೊಂಡರೆ, ಸ್ವೀಡನ್ ಜರ್ಮನಿಯ ಮೌಸರ್ ವಿನ್ಯಾಸಕ್ಕೆ ಒಲಿಯಿತು. 1894ರ ಗಿಡ್ಡ ಕಾರ್ಬೈನ್, ಅದರ ಹಿಂದೆಯೇ ಉದ್ದನೆಯ ಎಂ/96 ಬಂದವು. ಎಂ/96 ರೈಫಲ್‌ಗಳ ಒಂದು ಪಾಲು ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯಿಂದ ಬಂತು. ಹೆಚ್ಚಿನವು ಎಸ್ಕಿಲ್‌ಸ್ಟುನಾ ನಗರದ ಸರ್ಕಾರಿ ಕಾರ್ಲ್ ಗುಸ್ತಾಫ್ ಕಾರ್ಖಾನೆಯಲ್ಲಿ ತಯಾರಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಸ್ಕ್‌ವರ್ನಾ ಕೂಡ ಇವನ್ನು ತಯಾರಿಸಿತು.

ಈ ವಿನ್ಯಾಸದ ಮುಖ್ಯ ಗುರುತು ಕಣ್ಣಿಗಿಂತ ಕೈಗೆ ಬೇಗ ತಿಳಿಯುತ್ತದೆ. ಎಂ/96ರಲ್ಲಿ ಬೋಲ್ಟನ್ನು ಮುಂದಕ್ಕೆ ತಳ್ಳಿ ಮುಚ್ಚುವಾಗ ಕೊನೆಯ ಅಂತರದಲ್ಲಿ ಸ್ಪ್ರಿಂಗ್ ಎದುರೊತ್ತುತ್ತದೆ. ಅಂದರೆ ಸಿಡಿಮದ್ದಿಗೆ ಹೊಡೆಯುವ ಪಿನ್ನು ಮುಚ್ಚುವಾಗ ಸಜ್ಜಾಗುತ್ತದೆ. ಭಾರತದ ಪೊಲೀಸರು ದಶಕಗಳ ಕಾಲ ಹೊತ್ತ .303 ರೈಫಲ್‌ನ ಬೋಲ್ಟ್ ಕೂಡ ಇದೇ ಬಗೆಯದು. ಅದೇ ಲೀ-ಎನ್‌ಫೀಲ್ಡ್ ವಂಶದ .315 ರೈಫಲನ್ನು ಪರವಾನಗಿ ಪಡೆದು ಇಟ್ಟುಕೊಂಡಿರುವವರಿಗೂ ಈ ಎದುರೊತ್ತು ಹೊಸದಲ್ಲ. ಸೈನ್ಯದಲ್ಲಿದ್ದ ಎಂ/96ರ ಮರದ ಹಿಂಬದಿಯಲ್ಲಿ ನಾಣ್ಯದಂತಹ ಹಿತ್ತಾಳೆ ಬಿಲ್ಲೆಯೂ ಇರುತ್ತದೆ. ನಳಿಗೆಯ ಒಳಗಿನ ಅಳತೆ ಮತ್ತು ಸ್ಥಿತಿಯನ್ನು ಅದರ ಮೇಲೆ ಗುರುತು ಹಾಕುತ್ತಿದ್ದರು. ಬೇಟೆಗೆಂದು ಮಾರ್ಪಡಿಸಿದ ರೈಫಲ್‌ಗಳಲ್ಲಿ ಈ ಬಿಲ್ಲೆಯನ್ನು ಹುಡುಕಿ ಪ್ರಯೋಜನವಿಲ್ಲ; ಮರವನ್ನೇ ಬದಲಿಸಿರುವುದರಿಂದ ಅದೂ ಹೋಗಿರುತ್ತದೆ.

ಎರಡನೆಯ ವಿನ್ಯಾಸ ಮೌಸರ್ ಕಂಪನಿಯ 1898ರ ಸುಧಾರಣೆ. ಇದರಲ್ಲಿ ಬೋಲ್ಟಿನ ಹಿಡಿಯನ್ನು ಮೇಲೆತ್ತುವಾಗಲೇ ಪಿನ್ನು ಸಜ್ಜಾಗುತ್ತದೆ; ಮುಚ್ಚುವಾಗ ಸ್ಪ್ರಿಂಗಿನ ಎದುರೊತ್ತು ಇರುವುದಿಲ್ಲ. ಬೋಲ್ಟಿನ ಮುಂಭಾಗದ ಎರಡು ಕೊಂಡಿಗಳ ಜೊತೆ ಹಿಂಬದಿಯಲ್ಲಿ ಮೂರನೆಯ ಸುರಕ್ಷಾ ಕೊಂಡಿಯಿದೆ. ಸಿಡಿಮದ್ದಿನ ಬಟ್ಟಲು ಒಡೆದು ಬಿಸಿ ಅನಿಲ ಹಿಂದಕ್ಕೆ ನುಗ್ಗಿದರೆ ಅದನ್ನು ಬಳಕೆದಾರನ ಮುಖದಿಂದ ಆಚೆಗೆ ತಿರುಗಿಸುವ ವ್ಯವಸ್ಥೆಯೂ ಎಂ/96ಕ್ಕಿಂತ ಉತ್ತಮ. ರಿಸೀವರಿನ ಮುಂಭಾಗದ ಉಂಗುರ ಸುಮಾರು 36 ಮಿಲಿಮೀಟರ್ ದಪ್ಪವಿದ್ದರೆ, ಎಂ/96ರಲ್ಲಿ ಅದು ಸುಮಾರು 33.

ಹಸ್ಕ್‌ವರ್ನಾ ಈ 98ರ ಆ್ಯಕ್ಷನ್‌ಗಳನ್ನು ಬೆಲ್ಜಿಯಂನ ಎಫ್‌ಎನ್ ಕಂಪನಿಯಿಂದ ತರಿಸಿಕೊಂಡು ತನ್ನ ನಳಿಗೆ, ತನ್ನ ಮರ ಜೋಡಿಸುತ್ತಿತ್ತು. 640 ಸಂಖ್ಯೆಯ ಸರಣಿ ಈ ಗುಂಪಿನದು. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂ ಅನ್ನು ಆಕ್ರಮಿಸಿತು. ಎಫ್‌ಎನ್ ಕಾರ್ಖಾನೆ ಜರ್ಮನರ ವಶವಾಯಿತು. ಸ್ವೀಡನ್‌ಗೆ ಉಳಿದದ್ದು ತನ್ನದೇ ನೆಲದ 96ರ ವಿನ್ಯಾಸ. 46 ಎಂಬ ಸಂಖ್ಯೆಯ ಬೇಟೆ ರೈಫಲ್‌ಗಳು ಈ ವಿನ್ಯಾಸದವು. ಹೀಗಾಗಿ ಮೂವತ್ತರ ದಶಕದ ಒಂದು ಹಸ್ಕ್‌ವರ್ನಾಕ್ಕಿಂತ ನಲವತ್ತರ ದಶಕದ ಇನ್ನೊಂದು ಹಳೆಯ ಕಾಲದ ಆ್ಯಕ್ಷನ್ ಹೊಂದಿರುವ ವಿಚಿತ್ರ ಸಂದರ್ಭಗಳಿವೆ. ತಯಾರಿಕೆಯ ವರ್ಷವನ್ನೇ ನಂಬಿ ಬಲಾಬಲ ನಿರ್ಧರಿಸುವವರು ಎಡವುವುದು ಇಲ್ಲಿ.

ಐವತ್ತರ ದಶಕದಲ್ಲಿ ಕಂಪನಿ ಎಫ್‌ಎನ್ ಅವಲಂಬನೆ ಬಿಟ್ಟು ಸ್ವಂತ ಆ್ಯಕ್ಷನ್ ರೂಪಿಸಿತು. 1640 ಎಂಬ ಸಂಖ್ಯೆಯಿಂದ ಪರಿಚಿತವಾದ ಈ ಮೂರನೆಯ ವಿನ್ಯಾಸ ಎರಡರ ನಡುವಿನ ಕೂಸು. ಉಂಗುರದ ದಪ್ಪ 96ರಂತೆ ಕಿರಿದು. ಪಿನ್ನು ಸಜ್ಜಾಗುವ ಕ್ರಮ 98ರಂತೆ, ಬೋಲ್ಟ್ ತೆರೆಯುವಾಗ. ಸೈನ್ಯದ ಮೌಸರ್‌ಗಳಲ್ಲಿ ಬೋಲ್ಟಿನ ಹಿಂತುದಿಯಲ್ಲಿ ಎದ್ದು ನಿಲ್ಲುತ್ತಿದ್ದ ಸುರಕ್ಷಾ ರೆಕ್ಕೆಯ ಬದಲು ಪಕ್ಕದಲ್ಲಿ ಜಾರುವ ಗುಂಡಿಯಿದೆ. ಗುಂಡುಗಳನ್ನು ಮೇಲಿನಿಂದ ಒಟ್ಟಿಗೆ ತುಂಬುವಾಗ ಹೆಬ್ಬೆರಳು ಇಳಿಯಲೆಂದು ಸೈನ್ಯದ ರೈಫಲ್‌ಗಳ ಎಡಗೋಡೆಯಲ್ಲಿ ಕೊರೆಯುತ್ತಿದ್ದ ಅರ್ಧಚಂದ್ರದ ಕಚ್ಚು ಇದರಲ್ಲಿಲ್ಲ. ಹಗುರವಾದ ಈ ರೈಫಲ್ ಅಮೆರಿಕಕ್ಕೂ ರಫ್ತಾಯಿತು. ಕೊಂಡೊಯ್ದು ದಿನವಿಡೀ ನಡೆಯುವ ಬೇಟೆಗಾರನ ದೃಷ್ಟಿಯಿಂದ ನೋಡಿದರೆ ಮೂರರಲ್ಲಿ ಇದೇ ಅತ್ಯಂತ ಹದವಾದ ರಚನೆ ಎನ್ನಬಹುದು. ಅರವತ್ತರ ದಶಕದ ಉತ್ತರಾರ್ಧದಲ್ಲಿ ಬಂದ 1900 ಸರಣಿ ಮೌಸರ್ ರಚನೆಯಿಂದ ಇನ್ನಷ್ಟು ದೂರ ಸರಿಯಿತು.

ಐದು ಮಿಲಿಮೀಟರ್ ಅಂತರ

ಮಾದರಿ ಸಂಖ್ಯೆಗಿಂತಲೂ ಹೆಚ್ಚು ಗೊಂದಲ ಹುಟ್ಟಿಸುವುದು ಕಾಡತೂಸಿನ ಸಂಖ್ಯೆ. ಸ್ವೀಡನ್‌ನಲ್ಲಿ ಬೇಟೆಯೆಂದರೆ ಪ್ರಧಾನವಾಗಿ ಮೂಸ್ ಎಂಬ ಭಾರಿ ಗಾತ್ರದ ಜಿಂಕೆಯ ಬೇಟೆ. ಎಂಬತ್ತರ ದಶಕದ ಆರಂಭದಲ್ಲಿ ಅದು ಉತ್ತುಂಗಕ್ಕೇರಿದಾಗ ಒಂದೇ ವರ್ಷದಲ್ಲಿ 1.7 ಲಕ್ಷಕ್ಕೂ ಹೆಚ್ಚು ಮೂಸ್‌ಗಳನ್ನು ಅಲ್ಲಿ ಬೇಟೆಯಾಡಲಾಗಿತ್ತು. ಇಷ್ಟು ದೊಡ್ಡ ಪ್ರಾಣಿಗೆ 9.3 ಮಿಲಿಮೀಟರ್ ಗುಂಡು ಅಲ್ಲಿನವರ ಮೆಚ್ಚಿನ ಆಯ್ಕೆ. ಆದರೆ ಈ ಅಳತೆಯಲ್ಲಿ ಎರಡು ಕಾಡತೂಸುಗಳಿವೆ: 9.3×57 ಮತ್ತು 9.3×62.

ಎರಡರ ಗುಂಡೂ ಒಂದೇ ದಪ್ಪ, ಕವಚದ ಉದ್ದದಲ್ಲಿ ಮಾತ್ರ ಐದು ಮಿಲಿಮೀಟರ್ ವ್ಯತ್ಯಾಸ. ಒತ್ತಡದಲ್ಲಿ ಅಂತರ ಅಷ್ಟು ಸಣ್ಣದಲ್ಲ. ಯುರೋಪಿನ ಮಾನದಂಡದಂತೆ 9.3×57ರ ಗರಿಷ್ಠ ಒತ್ತಡ 2,800 ಬಾರ್, 9.3×62ರದು 3,900 ಬಾರ್. 46ರ ಸರಣಿಯ ಅನೇಕ ರೈಫಲ್‌ಗಳು ಮೊದಲನೆಯದಕ್ಕೆ ತಯಾರಾದವು. ಹೆಚ್ಚು ಬಲ ಬೇಕೆಂದು ಕೆಲವರು ಹಳೆಯ ರೈಫಲ್‌ನ ಗುಂಡಿನ ಮನೆಯನ್ನು ಐದು ಮಿಲಿಮೀಟರ್ ಆಳಕ್ಕೆ ಕೊರೆಸಿ 9.3×62 ಬಳಸುವುದುಂಟು. 98ರ ಆ್ಯಕ್ಷನ್‌ನಲ್ಲಿ ಇದು ತೊಂದರೆಯಲ್ಲ. 96ರಲ್ಲಿ, ಮೂರನೆಯ ಕೊಂಡಿಯಿಲ್ಲದ ಬೋಲ್ಟಿನ ಹಿಂದೆ ಕೆನ್ನೆಯಿಟ್ಟು ಇಂಥ ಸಾಹಸ ಮಾಡುವುದು ವಿವೇಕವಲ್ಲ. ಹೀಗೆ ಕೊರೆಸಿದ ರೈಫಲ್ ಮೂರನೆಯ, ನಾಲ್ಕನೆಯ ಒಡೆಯನ ಕೈ ಸೇರುವ ಹೊತ್ತಿಗೆ ನಳಿಗೆಯ ಮೇಲೆ ಹಳೆಯ ಅಂಕಿಯೇ ಉಳಿದಿರಬಹುದು.

8×57 ಎಂಬ ಕಾಡತೂಸಿನಲ್ಲೂ ಇಂಥದೇ ಬಲೆಯಿದೆ. ಅದರ ಹಳೆಯ ರೂಪದ ಗುಂಡು ಸುಮಾರು 8.1 ಮಿಲಿಮೀಟರ್ ದಪ್ಪ, 'ಎಸ್' ಅಕ್ಷರದ ಹೊಸ ರೂಪದ್ದು 8.2. ದಪ್ಪ ಗುಂಡನ್ನು ಕಿರಿದಾದ ನಳಿಗೆಯಲ್ಲಿ ಸಿಡಿಸಿದರೆ ಒತ್ತಡ ಮಿತಿ ಮೀರುತ್ತದೆ.

ಈ ಕಾರಣಕ್ಕೇ ಅನುಭವಿ ಬಂದೂಕು ಮಿಸ್ತ್ರಿಗಳು ನಳಿಗೆಯ ಮೇಲಿನ ಮುದ್ರೆಯನ್ನು ಓದಿ ಸುಮ್ಮನಾಗುವುದಿಲ್ಲ. ಕಡಿಮೆ ಶಾಖದಲ್ಲಿ ಕರಗುವ ಮಿಶ್ರಲೋಹವನ್ನು ಗುಂಡಿನ ಮನೆಗೆ ಸುರಿದು, ಗಟ್ಟಿಯಾದ ಅಚ್ಚನ್ನು ಹೊರತೆಗೆದು ಅಳೆಯುತ್ತಾರೆ. ಮುದ್ರೆ ಏನೇ ಹೇಳಲಿ, ಅಚ್ಚು ಹೇಳುವ ಅಳತೆಯೇ ಅಂತಿಮ.

ಹಾಗೆಂದು 9.3×57 ನಿರುಪಯುಕ್ತವೇನಲ್ಲ. ಸ್ವೀಡನ್‌ನ ನಿಯಮದಂತೆ ಮೂಸ್ ಬೇಟೆಗೆ ಬಳಸುವ ಗುಂಡು ಕನಿಷ್ಠ 9 ಗ್ರಾಂ ತೂಗಬೇಕು ಹಾಗೂ 100 ಮೀಟರ್ ದೂರದಲ್ಲಿ 2,700 ಜೌಲ್ ಶಕ್ತಿ ಉಳಿಸಿಕೊಳ್ಳಬೇಕು. ಗುಂಡು 10 ಗ್ರಾಂ ಅಥವಾ ಹೆಚ್ಚಿದ್ದರೆ 2,000 ಜೌಲ್ ಸಾಕು. 15 ಗ್ರಾಂ ಮೀರಿದ ಗುಂಡನ್ನು ನಿಧಾನವಾಗಿ ಎಸೆಯುವ ಈ ಮುದಿ ಕಾಡತೂಸು ಎರಡನೆಯ ಷರತ್ತನ್ನು ಸುಲಭವಾಗಿ ಪೂರೈಸುತ್ತದೆ. ದಟ್ಟ ಕಾಡಿನಲ್ಲಿ, ಹತ್ತಿರದ ಗುರಿಗೆ, ಅಜ್ಜನ ಕಾಲದ 46 ಈಗಲೂ ಹೊರಬೀಳಲು ಇದೇ ಕಾರಣ.

ಹೆಸರಿನ ಗೊಂದಲ ಕಾರ್ಖಾನೆಯ ಆಚೆಗೂ ಹಬ್ಬಿತು. ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕದ ಸ್ಮಿತ್ ಆ್ಯಂಡ್ ವೆಸ್ಸನ್ ತನ್ನ ಹೆಸರಿನಲ್ಲಿ ಮಾರಿದ ಎ, ಬಿ, ಸಿ, ಡಿ, ಇ ಅಕ್ಷರಗಳ ಬೋಲ್ಟ್ ರೈಫಲ್‌ಗಳನ್ನು ತಯಾರಿಸಿಕೊಟ್ಟದ್ದು ಹಸ್ಕ್‌ವರ್ನಾ. ಪಿಸ್ತೂಲುಗಳಿಗೆ ಹೆಸರಾದ ಕಂಪನಿಯ ಮುದ್ರೆ ಇರುವುದರಿಂದ ಅವನ್ನು ಅಮೆರಿಕನ್ ಎಂದೇ ತಿಳಿದವರಿದ್ದಾರೆ. ಅತ್ತ ಟ್ರಾನೋಸ್ ಪಟ್ಟಣದ ಸ್ಟೀಗಾ ಕಂಪನಿ ಸೈನ್ಯದ 96ರ ಆ್ಯಕ್ಷನ್‌ಗಳಿಗೆ ಹೊಸ ಮರ ತೊಡಿಸಿ ಬೇಟೆ ರೈಫಲ್ ಮಾಡಿ ಮಾರಿತು. ಅದರ ಹೆಸರು ಕ್ರೀಡಾಪ್ರಿಯರಿಗೆ ಪರಿಚಿತ, ಟೇಬಲ್ ಟೆನಿಸ್ ಬ್ಯಾಟುಗಳ ಮೇಲೆ ಕಾಣುವುದೂ ಅದೇ.