ಅಥೆನ್ಸಿನಲ್ಲಿ ಹಾಲು ತುಪ್ಪಗಳಿಲ್ಲದ ಊಟ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಜನ ಕೇಳುವ ಮೊದಲ ಪ್ರಶ್ನೆ ಅಲ್ಲಿಯ ದೇಗುಲಗಳನ್ನಾಗಲಿ ವಸ್ತುಸಂಗ್ರಹಾಲಯಗಳನ್ನಾಗಲಿ ಕುರಿತದ್ದಾಗಿರುವುದಿಲ್ಲ. ‘ಊಟಕ್ಕೆ ಏನು ಮಾಡಿದಿರಿ?’ ಎಂಬುದೇ ಆಗಿರುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ನಾನೂ ನನ್ನ ಶ್ರೀಮತಿಯೂ ಗ್ರೀಸ್ ದೇಶದ ರಾಜಧಾನಿಯಾದ ಅಥೆನ್ಸಿನಲ್ಲಿ ಹತ್ತು ದಿನ ಇದ್ದು ಬಂದೆವು. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ನಾಟಕವನ್ನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದವನಿಗೆ, ಅದಕ್ಕೆ ಆಧಾರವಾದ ನಾಟಕವನ್ನು ಬರೆದ ಸೊಫೋಕ್ಲಿಸನ ಊರನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಆಸೆ ಇದ್ದದ್ದು ಸಹಜವೇ. ಆಕ್ರೊಪೊಲಿಸ್ ಗುಡ್ಡದ ತೆಂಕಣ ಇಳಿಜಾರಿನಲ್ಲಿ ಡಯೊನೀಸಸನ ರಂಗಮಂದಿರದ ಕಲ್ಲಿನ ಮೆಟ್ಟಿಲುಗಳ ಮುಂದೆ ನಿಂತಾಗ ಏನನ್ನಿಸಿತೆಂಬುದನ್ನು ಇನ್ನೊಮ್ಮೆ ಹೇಳಿಯೇನು. ಈಹೊತ್ತು ನಾನು ಹೇಳಹೊರಟಿರುವುದು ಊಟದ ಮಾತನ್ನೇ.

ಏಕೆಂದರೆ ನಮ್ಮ ಮೂವರ ಪಂಕ್ತಿಯಲ್ಲಿ ಒಂದು ತೊಡಕಿತ್ತು. ಯೂರೋಪಿನಲ್ಲಿ ಕೆಲಸದಲ್ಲಿರುವ ನಮ್ಮ ಮಗಳು ಅಲ್ಲಿಗೆ ಬಂದು ನಮ್ಮನ್ನು ಕೂಡಿಕೊಂಡಿದ್ದಳು. ಅವಳು ಕೆಲವು ವರ್ಷಗಳಿಂದ ‘ವೀಗನ್’. ಎಂದರೆ ಮಾಂಸ, ಮೀನು, ಮೊಟ್ಟೆಗಳಂತಿರಲಿ, ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುಗಳನ್ನೂ ಮುಟ್ಟದವಳು. ಈ ಹೆಸರು ಹಳೆಯದೇನಲ್ಲ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವನ ಸಂಗಡಿಗರು ಬಳಕೆಗೆ ತಂದದ್ದು. ನಾನಾದರೋ ಹುಟ್ಟು ಸಸ್ಯಾಹಾರಿ, ಆದರೆ ಮೊಸರನ್ನವಿಲ್ಲದೆ ಕೈತೊಳೆಯದವನು. ಮಗಳು ಮೊದಲ ಸಲ ಮನೆಗೆ ಬಂದು ‘ಅಮ್ಮ, ನನಗೆ ಮೊಸರು ಬೇಡ’ ಎಂದ ದಿನ ನನ್ನ ಹೆಂಡತಿ ಏನೂ ಆಡಲಿಲ್ಲ. ಬಡಿಸಲೆಂದು ತಂದ ಪಾತ್ರೆಯನ್ನು ಹಾಗೆಯೇ ಒಳಗೆ ಒಯ್ದಳು. ಅಂದಿನಿಂದ ತಾಯಿ ಮಗಳ ನಡುವೆ ಊಟದ ಹೊತ್ತಿಗೆ ಒಂದು ಬಿಗುವು. ಕರುವಿನ ಪಾಲಿನದನ್ನು ನಾವು ಕಿತ್ತುಕೊಳ್ಳುತ್ತಿದ್ದೇವೆಂದು ಮಗಳ ವಾದ. ತನ್ನ ಅಡಿಗೆಯೇ ಮಗಳಿಗೆ ಮೈಲಿಗೆಯಾಯಿತೆಂದು ತಾಯಿಯ ಕೊರಗು. ಪ್ರವಾಸದಲ್ಲಿ ದಿನಕ್ಕೆ ಮೂರು ಸಲ ಒಂದೇ ಮೇಜಿಗೆ ಕೂರುವುದು ಹೇಗೆಂಬುದು, ನಿಜ ಹೇಳುವುದಾದರೆ, ನನಗೆ ಆಕ್ರೊಪೊಲಿಸ್ಸಿಗಿಂತ ದೊಡ್ಡ ಚಿಂತೆಯಾಗಿತ್ತು.

ಮೊದಲ ದಿನವೇ ನಾನೇ ಎಡವಿದೆ. ಅದು ಮಾರ್ಚ್ 17, ಭಾನುವಾರ. ಬೆಳಗ್ಗೆ ಒಂದು ರೊಟ್ಟಿಯಂಗಡಿಗೆ ಹೋಗಿ, ಪದರುಪದರಾದ ಒಂದು ಕಡುಬನ್ನು ತೋರಿಸಿ, ಪುಸ್ತಕದಿಂದ ಕಲಿತ ಒಂದೇ ಒಂದು ಪದವನ್ನು ಪ್ರಯೋಗಿಸಿದೆ: ‘ತಿರೀ?’ ಚೀಸ್ ಇದೆಯೇ ಎಂದು ನನ್ನ ಪ್ರಶ್ನೆ. ಅಂಗಡಿಯಾಕೆ ಮುಗುಳುನಕ್ಕು ‘ನೇ’ ಎಂದಳು. ಸಂಸ್ಕೃತದ ‘ನ’, ಹಿಂದಿಯ ‘ನಹೀಂ’, ಇಂಗ್ಲಿಷಿನ ‘ನೋ’ ಇವುಗಳ ನಡುವೆ ಬೆಳೆದ ನನ್ನ ಕಿವಿಗೆ ಅದು ಇಲ್ಲವೆಂದೇ ಕೇಳಿಸಿತು. ಆದರೆ ಗ್ರೀಕಿನಲ್ಲಿ ‘ನೇ’ ಎಂದರೆ ಹೌದು! ಇಲ್ಲವೆನ್ನುವುದಕ್ಕೆ ‘ಓಹಿ’. ಅದನ್ನು ಬಾಯಿಂದ ಆಡದೆ ಗಲ್ಲವನ್ನು ತುಸು ಮೇಲಕ್ಕೆತ್ತಿ ಸೂಚಿಸುವುದೂ ಉಂಟು. ಮಗಳು ಒಂದು ತುತ್ತು ಕಚ್ಚಿ, ಮಾತಾಡದೆ ಕೆಳಗಿಟ್ಟಳು. ಒಳಗೆ ಉಪ್ಪುಪ್ಪಾದ ಬಿಳಿಯ ಫೆಟಾ ಚೀಸ್ ತುಂಬಿತ್ತು. ಭಾಷೆಯನ್ನೇ ಜೀವನವೃತ್ತಿ ಮಾಡಿಕೊಂಡವನಿಗೆ ಒಂದಕ್ಷರದ ಪದ ಹೀಗೆ ಕೈಕೊಡಬಾರದಿತ್ತು. ಆ ಭಾನುವಾರಕ್ಕೆ ಅವರ ಪಂಚಾಂಗದಲ್ಲಿ ‘ಚೀಸ್ ಭಾನುವಾರ’ವೆಂದೇ ಹೆಸರೆಂಬುದು ನನಗೆ ತಿಳಿದದ್ದು ಆಮೇಲೆ. ಈಸ್ಟರ್ ಹಬ್ಬಕ್ಕೆ ಮೊದಲಿನ ಮಹಾ ಉಪವಾಸ ಮರುದಿನ ಸೋಮವಾರ ಆರಂಭವಾಗುವುದರಿಂದ, ಹಾಲಿನ ಪದಾರ್ಥಗಳನ್ನು ತಿನ್ನಲು ಅದೇ ಕೊನೆಯ ದಿನ.

ಆ ಸೋಮವಾರದ ಹೆಸರು ‘ಶುದ್ಧ ಸೋಮವಾರ’. ಊರಿಗೆ ಊರೇ ರಜೆ. ಆಕ್ರೊಪೊಲಿಸ್ಸಿನ ಎದುರಿನ ಫಿಲೊಪಾಪು ಗುಡ್ಡದಲ್ಲಿ ಮಕ್ಕಳು ದೊಡ್ಡವರೆಲ್ಲ ಗಾಳಿಪಟ ಹಾರಿಸುತ್ತಿದ್ದರು. ಎಲ್ಲರ ಕೈಯಲ್ಲೂ ಎಳ್ಳು ಮೆತ್ತಿದ ಅಗಲವಾದ ಚಪ್ಪಟೆ ರೊಟ್ಟಿ. ‘ಲಗಾನಾ’ ಎಂಬ ಅದು ಆ ದಿನದ ವಿಶೇಷ. ನಾವು ಇಳಿದುಕೊಂಡಿದ್ದ ಮನೆಯ ಒಡತಿ, ಎಪ್ಪತ್ತು ದಾಟಿದ ಹೆಂಗಸು, ನಮ್ಮ ಮಗಳ ನಿಯಮಗಳನ್ನು ಕೇಳಿದಳು. ‘ವೀಗನ್’ ಎಂಬುದು ಆಕೆಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ ಎಂದು ಬೆರಳು ಮಡಿಸುತ್ತ ಹೋದಂತೆ ಆಕೆಯ ಮುಖವರಳಿತು. ‘ಹಾಗಾದರೆ ನಿಸ್ತೀಸಿಮೊ!’ ಎಂದಳು. ಈ ಒಂದು ಪದ ತಿಳಿದಿದ್ದರೆ ಸಾಕು, ಅಥೆನ್ಸಿನಲ್ಲಿ ಯಾರೂ ಹಸಿದಿರಬೇಕಾಗಿಲ್ಲ.

‘ನಿಸ್ತೀಸಿಮೊ’ ಎಂದರೆ ಉಪವಾಸಕ್ಕೆ ಸಲ್ಲುವ ಆಹಾರ, ಬಹುವಚನದಲ್ಲಿ ‘ನಿಸ್ತೀಸಿಮಾ’. ಉಪವಾಸಕ್ಕೆ ‘ನಿಸ್ತೀಯಾ’. ಮೇಷ್ಟರ ಚಪಲ, ಕ್ಷಮಿಸಬೇಕು: ಈ ಪದದ ಬೇರು ‘ನ’ ಎಂಬ ನಿಷೇಧ ಮತ್ತು ತಿನ್ನು ಎಂಬರ್ಥದ ‘ಎದ್’ ಧಾತು. ಸಂಸ್ಕೃತದ ‘ಅದ್’ ಧಾತುವಿಗೂ ಅದಕ್ಕೂ ಒಂದೇ ಮೂಲ. ನಮ್ಮ ‘ಅನ್ನ’ ಬಂದಿರುವುದೂ ಅಲ್ಲಿಂದಲೇ. ಹಿಂದಿನ ದಿನ ನನ್ನನ್ನು ದಾರಿತಪ್ಪಿಸಿದ ಆ ನಕಾರ ಇಲ್ಲಿ, ಪದದ ಒಡಲೊಳಗೆ, ನಮ್ಮ ಅರ್ಥದಲ್ಲಿಯೇ ಕುಳಿತಿದೆ.

ಗ್ರೀಸಿನ ಸಾಂಪ್ರದಾಯಿಕ ಕ್ರೈಸ್ತ ಮತದಲ್ಲಿ ಉಪವಾಸವೆಂದರೆ ನಿರಾಹಾರವಲ್ಲ. ಮಾಂಸ, ಮೊಟ್ಟೆ, ಹಾಲು ಮತ್ತು ಮೀನುಗಳ ವರ್ಜನ. ವರ್ಷದಲ್ಲಿ ಇಂಥ ದೀರ್ಘ ವ್ರತಗಳು ನಾಲ್ಕು. ಈಸ್ಟರಿಗೆ ಮೊದಲಿನ ಏಳು ವಾರಗಳದು ದೊಡ್ಡದು. ಆಗಸ್ಟ್ ಮೊದಲ ಹದಿನಾಲ್ಕು ದಿನಗಳದೊಂದು. ಕ್ರಿಸ್ಮಸ್ಸಿಗೆ ಮೊದಲಿನ ನಲವತ್ತು ದಿನಗಳದೊಂದು. ಬೇಸಿಗೆಯ ಮೊದಲಿಗೆ ಬರುವುದು ಮತ್ತೊಂದು. ಇವಲ್ಲದೆ ಬುಧವಾರ, ಶುಕ್ರವಾರಗಳು. ಎಲ್ಲವನ್ನೂ ಕೂಡಿದರೆ ಹೆಚ್ಚುಕಡಮೆ ಅರ್ಧ ವರ್ಷ. ಎಲ್ಲರೂ ಪಾಲಿಸುತ್ತಾರೆಂದಲ್ಲ. ಆದರೆ ಶತಮಾನಗಳ ಕಾಲ ಅರ್ಧ ವರ್ಷ ಹೀಗೆ ಉಂಡ ಜನರ ಅಡಿಗೆಮನೆಯಲ್ಲಿ ಹಾಲು ತುಪ್ಪಗಳ ಹಂಗಿಲ್ಲದ ಪಾಕಗಳು ಎಷ್ಟು ನುರಿತಿರಬಹುದೆಂದು ತಾವೇ ಊಹಿಸಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಉಪವಾಸದ ಊಟವೂ ವೀಗನ್ ಊಟವೂ ಪೂರ್ತಿ ಒಂದೇ ಅಲ್ಲ. ರಕ್ತವಿಲ್ಲದ ಜೀವಿಗಳೆಂಬ ಭಾವನೆಯಿಂದ ಅಷ್ಟಪದಿ, ಸೀಗಡಿ, ಚಿಪ್ಪಿನ ಪ್ರಾಣಿಗಳು ಅವರ ಉಪವಾಸಕ್ಕೆ ಸಲ್ಲುತ್ತವೆ. ಜೇನೂ ಸಲ್ಲುತ್ತದೆ. ವ್ರತದ ಮೇಜಿನ ಮೇಲೆಲ್ಲ ಕಾಣಿಸುವ, ‘ತರಾಮಾ’ ಎಂದು ಕರೆಯುವ ನಸುಗೆಂಪು ಚಟ್ನಿಯಂಥ ಪದಾರ್ಥ ನೋಡಲು ಬಲು ಸಾಧುವಾಗಿರುತ್ತದೆ. ಅದು ಮಾಡಿರುವುದು ಮೀನಿನ ತತ್ತಿಯಿಂದ. ಕ್ರಿಸ್ಮಸ್ ವ್ರತದ ಬಹಳಷ್ಟು ದಿನ ಮೀನಿಗೂ ಅನುಮತಿ ಉಂಟು. ಆದ್ದರಿಂದ ‘ನಿಸ್ತೀಸಿಮೊ’ ಎಂದು ಬಾಗಿಲು ತೆರೆಸಿ, ಆಮೇಲೆ ಒಳಗೆ ಸಮುದ್ರದ್ದೇನಾದರೂ ಇದೆಯೇ ಎಂದು ಇನ್ನೊಂದು ಪ್ರಶ್ನೆ ಹಾಕುವುದು ಕ್ಷೇಮ. ‘ಹೋರೀಸ್’ ಎಂದರೆ ‘ಇಲ್ಲದೆ’. ‘ಹೋರೀಸ್ ತಿರೀ’ ಎಂದರೆ ಚೀಸ್ ಇಲ್ಲದೆ. ನಾನು ಮೊದಲ ದಿನ ಕಲಿತಿರಬೇಕಾಗಿದ್ದದ್ದು ಇದನ್ನು.

ಇನ್ನು ಎಲ್ಲಿ ಉಣ್ಣಬೇಕು ಎಂಬುದು. ಸಿಂತಾಗ್ಮಾ ಚೌಕ, ಪ್ಲಾಕಾ ಬೀದಿಗಳಲ್ಲಿ ಯಾತ್ರಿಕರನ್ನು ಕೈಬೀಸಿ ಕರೆಯುವ ಹೋಟೆಲುಗಳನ್ನು ನಾನು ಹೆಚ್ಚು ಹೊಗಳಲಾರೆ. ಹುಡುಕಬೇಕಾದ್ದು ‘ಮಯಿರಿಯೊ’ ಎಂಬ ಬಗೆಯ ಊಟದ ಮನೆಯನ್ನು. ನಮ್ಮ ಹಳೆಯ ಖಾನಾವಳಿಯಂಥದು. ಬೆಳಗ್ಗೆಯೇ ಮಾಡಿಟ್ಟ ಪದಾರ್ಥಗಳು ದೊಡ್ಡ ತಟ್ಟೆಗಳಲ್ಲಿ ಗಾಜಿನ ಹಿಂದೆ ಇರುತ್ತವೆ. ಬೆರಳು ತೋರಿಸಿ ಹಾಕಿಸಿಕೊಳ್ಳಬಹುದು. ನಡುಹಗಲು ಒಂದರಿಂದ ಮೂರರೊಳಗೆ ಹೋಗುವುದು ಉತ್ತಮ. ಸಂಜೆಗೆ ಒಳ್ಳೆಯದೆಲ್ಲ ಮುಗಿದಿರುತ್ತದೆ. ಅಥಿನಾಸ್ ಬೀದಿಯ ನಗರ ಮಾರುಕಟ್ಟೆಯ ಸುತ್ತಿನ ಗಲ್ಲಿಗಳಲ್ಲಿ ಇಂಥವು ಸಿಗುತ್ತವೆ. ಅಲ್ಲಿಗೆ ಹೋಗುವಾಗ ಮಾಂಸ ಮೀನುಗಳ ಸಾಲನ್ನು ಬಳಸಿಕೊಂಡು, ತರಕಾರಿ ಮತ್ತು ಸಂಬಾರಗಳಿರುವ ಎವ್ರಿಪೀದು ಬೀದಿಯ ಕಡೆಯಿಂದ ಹೋಗಿ ಎಂದು ಸೂಚಿಸುತ್ತೇನೆ. ಆ ಬೀದಿಯ ಹೆಸರು ನಾಟಕಕಾರ ಯೂರಿಪಿಡೀಸನದು; ಪಕ್ಕದಲ್ಲೇ ಸೊಫೋಕ್ಲಿಸನ ಹೆಸರಿನ ಬೀದಿಯೂ ಇದೆ. ನನಗೆ ಜೀರಿಗೆಯ ಘಮದಲ್ಲಿ ಗ್ರೀಕ್ ದುರಂತವನ್ನು ನೆನೆಯುವ ಯೋಗ!

ಕೇಳಬೇಕಾದ ಪದ ಇನ್ನೊಂದಿದೆ: ‘ಲಾದೆರಾ’. ‘ಲಾದಿ’ ಎಂದರೆ ಎಣ್ಣೆ. ಆಲಿವ್ ಎಣ್ಣೆ ಮತ್ತು ಟೊಮೆಟೊದಲ್ಲಿ ನಿಧಾನವಾಗಿ ಬೆಂದ ಹುರುಳಿಕಾಯಿ, ಬೆಂಡೆ, ಬದನೆ, ಆಲೂಗೆಡ್ಡೆಗಳಿಗೆ ಈ ಹೆಸರು. ‘ಯೀಗಂದೆಸ್’ ಎಂಬ ಹೆಬ್ಬೆರಳ ಗಾತ್ರದ ಅವರೆಯಂಥ ಬಿಳಿಯ ಕಾಳನ್ನು ಒಲೆಯಲ್ಲಿಟ್ಟು ಬೇಯಿಸುತ್ತಾರೆ. ‘ಫಸೊಲಾದಾ’ ಎಂಬ ಕಾಳಿನ ಸಾರನ್ನು ಅವರು ತಮ್ಮ ರಾಷ್ಟ್ರೀಯ ಖಾದ್ಯವೆಂದೇ ಹೇಳಿಕೊಳ್ಳುತ್ತಾರೆ. ‘ಹೋರ್ತಾ’ ಎಂದರೆ ಬೇಯಿಸಿ ಎಣ್ಣೆ ನಿಂಬೆರಸ ಹಾಕಿದ ಬೆರಕೆಸೊಪ್ಪು; ಬೇಸಿಗೆಯಲ್ಲಿ ಅದಕ್ಕೆ ‘ವ್ಲೀತಾ’ ಬರುತ್ತದೆ, ಅದು ನಮ್ಮ ದಂಟಿನ ಸೊಪ್ಪಿನ ಕುಲದ್ದೇ. ‘ಫಾವಾ’ ಬಂದಾಗ ನನ್ನ ಹೆಂಡತಿ ಒಂದು ಚಮಚ ಬಾಯಿಗಿಟ್ಟು ‘ಇದು ತೊವ್ವೆ’ ಎಂದು ತೀರ್ಪು ಕೊಟ್ಟಳು. ಹಳದಿಯ ಬೇಳೆಯನ್ನು ಮೆತ್ತಗೆ ಬೇಯಿಸಿ, ಎಣ್ಣೆ, ನಿಂಬೆ, ಹಸಿ ಈರುಳ್ಳಿ ಹಾಕಿದ್ದು. ಸಾಂತೊರೀನಿ ದ್ವೀಪದ ಬೇಳೆಗೆ ವಿಶೇಷ ಹೆಸರು. ಒಗ್ಗರಣೆ ಒಂದಿದ್ದಿದ್ದರೆ ಸಂಶಯವೇ ಇರುತ್ತಿರಲಿಲ್ಲ. ತಾಯಿ ಮಗಳು ಒಂದೇ ತಟ್ಟೆಯಿಂದ ರೊಟ್ಟಿ ಅದ್ದಿ ತಿಂದದ್ದನ್ನು ನಾನು ಗಮನಿಸಿದೆ, ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

ಹೆಸರುಗಳ ವಿನೋದವೂ ಉಂಟು. ದ್ರಾಕ್ಷಿ ಎಲೆಯಲ್ಲಿ ಅಕ್ಕಿಯನ್ನು ಸುತ್ತಿ ಬೇಯಿಸಿದ ಪತ್ರೊಡೆಯಂಥ ತಿಂಡಿಗೆ, ಒಳಗೆ ಮಾಂಸವಿಲ್ಲದಿದ್ದರೆ, ‘ಯಲಂಜೀ’ ಎಂಬ ವಿಶೇಷಣ. ಅದು ತುರ್ಕಿಯ ಪದ, ಸುಳ್ಳುಗಾರ ಎಂದರ್ಥ. ಟೊಮೆಟೊ, ದೊಣ್ಣೆಮೆಣಸಿನಕಾಯಿಗಳಿಗೆ ಬರಿಯ ಅಕ್ಕಿ ಸೊಪ್ಪು ತುಂಬಿದರೆ ಅವು ‘ಓರ್ಫನಾ’, ಅನಾಥ. ಮಾಂಸವಿಲ್ಲದ ಎಲೆ ಸುಳ್ಳು, ಮಾಂಸವಿಲ್ಲದ ಕಾಯಿ ತಬ್ಬಲಿ! ಭಾಷೆ ಎಷ್ಟು ಪಕ್ಷಪಾತಿ ನೋಡಿ. ಈ ಅನಾಥರ ಪಕ್ಕದಲ್ಲಿ ಒಂದು ತುಂಡು ಫೆಟಾ ಇಟ್ಟು ಕೊಡುವ ಅಭ್ಯಾಸವಿದೆ. ಮೊದಲೇ ಬೇಡವೆಂದು ಹೇಳಬೇಕು.

ಬೆಳಗಿನ ತಿಂಡಿಗೆ ಬೀದಿಯ ಗಾಡಿಗಳಲ್ಲಿ ‘ಕುಲೂರಿ’, ಎಳ್ಳು ಮೆತ್ತಿದ, ಕೋಡುಬಳೆಯ ಅಣ್ಣನಂಥ ರೊಟ್ಟಿಯ ಬಳೆ. ಗ್ರೀಕ್ ಕಾಫಿಗೆ ಹಾಲು ಹಾಕುವ ಪದ್ಧತಿಯೇ ಇಲ್ಲ. ನನಗೆ ಅದೊಂದು ತಪಸ್ಸಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮಾರ್ಚ್ 20ರ ಬುಧವಾರ ಏಕಾದಶಿ. ಅಲ್ಲಿಯ ಸೂರ್ಯೋದಯಕ್ಕೆ ತಿಥಿ ಎಷ್ಟಿತ್ತೆಂದು ಲೆಕ್ಕಹಾಕುವುದು ಬೇಡವೆಂದು, ನನ್ನ ಹೆಂಡತಿ ಊರಿನ ಪಂಚಾಂಗವನ್ನೇ ಹಿಡಿದಳು. ಅವಳಿಗೆ ಅಂದು ಕಾಳೂ ಇಲ್ಲ, ಧಾನ್ಯವೂ ಇಲ್ಲ. ಮಾರುಕಟ್ಟೆಯಲ್ಲಿ ಕಿತ್ತಳೆ, ಒಣ ಅಂಜೂರ, ಬಾದಾಮಿ ಕೊಂಡೆವು. ರೊಟ್ಟಿ ಏಕೆ ಬೇಡವೆಂದು ಅಂಗಡಿಯವನು ಕೇಳಿದಾಗ ಮಗಳು ‘ನಿಸ್ತೀಯಾ’ ಎಂದಳು. ರೊಟ್ಟಿಯನ್ನೂ ಬಿಡುವ ಉಪವಾಸವೇ ಎಂದು ಅವನಿಗೆ ಬೆರಗು. ಒಂದು ಹಿಡಿ ಬಾದಾಮಿ ಹೆಚ್ಚಿಗೆ ಹಾಕಿದ. ಹೊರಗೆ ಬಂದ ಮೇಲೆ ಮಗಳು, ‘ಅಮ್ಮ, ನೀನೂ ಬೇಡ ಅಂತೀಯಲ್ಲ’ ಎಂದಳು. ‘ನಾನು ಒಂದು ದಿನ, ನೀನು ವರ್ಷವೆಲ್ಲ’ ಎಂದಳು ಅವಳ ತಾಯಿ. ಧ್ವನಿಯಲ್ಲಿ ಹಳೆಯ ಬಿಗುವಿರಲಿಲ್ಲ.

ಹೊಸ ಕಾಲದ ವೀಗನ್ ಹೋಟೆಲುಗಳೂ ಅಥೆನ್ಸಿನಲ್ಲಿವೆ. ವಿದ್ಯಾರ್ಥಿಗಳೂ ಪುಸ್ತಕದಂಗಡಿಗಳೂ ತುಂಬಿರುವ ಎಕ್ಸಾರ್ಹಿಯಾ ಬಡಾವಣೆಯ ಸುತ್ತಮುತ್ತ ಹುಡುಕಬಹುದು. ಮಾಂಸದ ಬದಲು ಅಣಬೆಯನ್ನು ಸುಟ್ಟು ರೊಟ್ಟಿಯಲ್ಲಿ ಸುತ್ತಿಕೊಟ್ಟದ್ದನ್ನು ಒಮ್ಮೆ ತಿಂದೆವು. ಮಗಳಿಗೆ ಸಂತೋಷವಾಯಿತು. ನನಗೋ, ಮಾಂಸವನ್ನೇ ಕಾಣದವನು ಅದರ ಅನುಕರಣವನ್ನು ಮೆಚ್ಚಬೇಕಾಗಿ ಬಂದ ಪೇಚು. ಆದರೆ ಅಲ್ಲಿ ಏನನ್ನೂ ವಿಚಾರಿಸದೆ, ಅನುಮಾನಪಡದೆ ತಿನ್ನಬಹುದೆಂಬ ನೆಮ್ಮದಿ ಸಣ್ಣದಲ್ಲವೆಂದು ಅವಳ ಮುಖ ನೋಡಿ ತಿಳಿದೆ. ಇದೇ ಊರಿನಲ್ಲಿ ಓದಿದ್ದ ಪಾರ್ಫಿರಿ ಎಂಬ ತತ್ತ್ವಜ್ಞ, ಮೂರನೆಯ ಶತಮಾನದಲ್ಲಿ, ಸಸ್ಯಾಹಾರವನ್ನು ಕೈಬಿಟ್ಟ ಗೆಳೆಯನೊಬ್ಬನನ್ನು ಸಂಬೋಧಿಸಿ ಮಾಂಸವರ್ಜನೆಯ ಮೇಲೆ ಒಂದು ಗ್ರಂಥವನ್ನೇ ಬರೆದ. ಅದರಲ್ಲಿ ಭಾರತದ ಬ್ರಾಹ್ಮಣರ, ಶ್ರಮಣರ ಪ್ರಸ್ತಾಪವೂ ಬರುತ್ತದೆ. ಅಣಬೆ ತಿನ್ನುತ್ತ ಅದನ್ನು ಮಗಳಿಗೆ ಹೇಳಿದೆ. ‘ಹೊಸದಾಗಿ ನಾನೇನೂ ಹೇಳ್ತಿಲ್ಲ ಅಂತಾಯಿತು’ ಎಂದು ನಕ್ಕಳು.

ಮಾರ್ಚ್ 25ರಂದು ವ್ರತದ ನಡುವೆಯೂ ಮೀನಿಗೆ ವಿನಾಯಿತಿ. ಬೀದಿಯೆಲ್ಲ ಉಪ್ಪುಮೀನು ಕರಿಯುವ ವಾಸನೆ. ಅಂದು ಮನೆಯೊಡತಿಯೇ ನಮ್ಮನ್ನು ಕರೆದು, ರವೆಯ ಹಲ್ವ ಮಾಡಿಕೊಟ್ಟಳು. ಅದರ ಅಳತೆ ಗ್ರೀಕರ ಮನೆಮನೆಗೂ ಬಾಯಿಪಾಠ: ಎಣ್ಣೆ ಒಂದು, ರವೆ ಎರಡು, ಸಕ್ಕರೆ ಮೂರು, ನೀರು ನಾಲ್ಕು. ಎಣ್ಣೆಯಲ್ಲಿ ರವೆಯನ್ನು ಕೆಂಪಗೆ ಹುರಿದು, ದಾಲ್ಚಿನ್ನಿ ಹಾಕಿ ಕುದಿಸಿದ ಪಾಕವನ್ನು ಸುರಿಯುವುದು. ತುಪ್ಪವಿಲ್ಲದ ಸಜ್ಜಿಗೆ. ನನ್ನ ಹೆಂಡತಿ ಅದನ್ನು ಚೀಟಿಯಲ್ಲಿ ಬರೆದುಕೊಂಡಳು. ಊರಿಗೆ ಬಂದ ಮೇಲೆ ಒಮ್ಮೆ ಕೊಬ್ಬರಿ ಎಣ್ಣೆಯಲ್ಲಿ, ಒಮ್ಮೆ ಕಡಲೆಕಾಯಿ ಎಣ್ಣೆಯಲ್ಲಿ ಮಾಡಿ ನೋಡಿದಳು. ಕಡಲೆಕಾಯಿ ಎಣ್ಣೆಯದೇ ವಾಸಿ, ಸಕ್ಕರೆ ಎರಡೂವರೆ ಸಾಕು ಎಂಬುದು ಅವಳ ತಿದ್ದುಪಡಿ. ಆ ವರ್ಷ ದೀಪಾವಳಿಗೆ ಮಗಳು ಬಂದಾಗ ಬಡಿಸಿದ್ದು ಅದನ್ನೇ.