ರೋಗಿಯ ಗುಟ್ಟು ಯಾರ ಕೈಯಲ್ಲಿ?

ಆಸ್ಪತ್ರೆಯೊಂದಕ್ಕೆ ದಾಖಲಾಗಿ ನಾಲ್ಕಾರು ದಿನಗಳಲ್ಲಿ ಗುಣವಾಗಿ ಮನೆಗೆ ಮರಳುವ ರೋಗಿಯ ಕಾಯಿಲೆಯ ವಿವರ ಅಷ್ಟರೊಳಗೆ ಹತ್ತಾರು ಜನರ ಕೈ ದಾಟಿರುತ್ತದೆ. ನೋಂದಣಿ ಕೌಂಟರಿನ ಗುಮಾಸ್ತ, ಹೊರರೋಗಿ ವಿಭಾಗದ ವೈದ್ಯ, ರಕ್ತ ಪರೀಕ್ಷೆಯ ತಂತ್ರಜ್ಞ, ಪಾಳಿಗೊಮ್ಮೆ ಬದಲಾಗುವ ದಾದಿಯರು, ಔಷಧಾಲಯದವರು, ಬಿಲ್ ಮತ್ತು ವಿಮೆ ವಿಭಾಗದ ನೌಕರರು, ಕೊನೆಗೆ ಹಳೆಯ ಕೇಸ್ ಶೀಟುಗಳನ್ನು ಕಟ್ಟಿಡುವ ದಾಖಲೆ ವಿಭಾಗದ ಸಿಬ್ಬಂದಿ, ಹೀಗೆ ಪ್ರತಿಯೊಬ್ಬರೂ ಆ ವಿವರದ ಒಂದೊಂದು ತುಣುಕನ್ನು ನೋಡಿರುತ್ತಾರೆ. ಇದರಲ್ಲಿ ಹೆಚ್ಚಿನದು ತಪ್ಪಲ್ಲ, ಅಗತ್ಯವೇ. ಯಾವ ಔಷಧ ರೋಗಿಯ ಮೈಗೆ ಒಗ್ಗುವುದಿಲ್ಲ ಎಂಬುದು ಅರಿವಳಿಕೆ ತಜ್ಞರಿಗೆ ತಿಳಿಯದಿದ್ದರೆ ಜೀವವೇ ಹೋದೀತು. ಆದ್ದರಿಂದ ವೈದ್ಯಕೀಯ ಗೋಪ್ಯತೆ ಎಂದರೆ ಯಾರಿಗೂ ಏನನ್ನೂ ಹೇಳದಿರುವುದಲ್ಲ. ಯಾರಿಗೆ, ಯಾವ ಉದ್ದೇಶಕ್ಕೆ, ಎಷ್ಟು ಮಾತ್ರ ತಿಳಿಯಬೇಕು ಎಂಬ ವಿವೇಚನೆ ಅದು. ಆ ವಿವೇಚನೆಯೂ ಚಿಕಿತ್ಸೆಯ ಒಂದು ಭಾಗವೇ ಆಗಿದ್ದರೂ ನಮ್ಮ ಆಸ್ಪತ್ರೆಗಳಲ್ಲಿ ಅದನ್ನು ಹಾಗೆ ಕಾಣುವವರು ಕಡಿಮೆ.

ಈ ಕಲ್ಪನೆ ಹೊರಗಿನಿಂದ ಬಂದದ್ದೇನೂ ಅಲ್ಲ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯವಿದ್ಯೆಗೆ ಸೇರುವ ಶಿಷ್ಯನಿಗೆ ಗುರು ವಿಧಿಸುವ ನಿಯಮಗಳಲ್ಲಿ, ರೋಗಿಯ ಮನೆಯೊಳಗೆ ಕಂಡ ಸಂಗತಿಗಳನ್ನು ಹೊರಗೆ ಆಡಬಾರದು ಎಂಬುದೂ ಸೇರಿದೆ. ಇಂದಿನ ವೈದ್ಯರಿಗೆ ಅದೇ ಕಟ್ಟಳೆಯನ್ನು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆಯ ನಿಯಮಾವಳಿ ವಿಧಿಸುತ್ತದೆ. ಅದರ ಬದಲಿಗೆ 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಪ್ರಕಟವಾಯಿತಾದರೂ ಕೆಲವೇ ವಾರಗಳಲ್ಲಿ ಅದನ್ನು ತಡೆಹಿಡಿದ ಕಾರಣ, ಮತ್ತೆ ಹಳೆಯದೇ ಜಾರಿಗೆ ಬಂದಿತು. ಅದರಂತೆ ವೃತ್ತಿಯಲ್ಲಿ ತಿಳಿದ ರೋಗಿಯ ಗುಟ್ಟನ್ನು ವೈದ್ಯರು ಮೂರೇ ಸಂದರ್ಭಗಳಲ್ಲಿ ಹೊರಗೆಡಹಬಹುದು: ನ್ಯಾಯಾಧೀಶರು ಆದೇಶಿಸಿದಾಗ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ ಒದಗುವಂತಿದ್ದಾಗ, ಮತ್ತು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕಾನೂನು ಹೇಳುವ ಕಾಯಿಲೆಗಳಲ್ಲಿ. ರೋಗಿಯ ಗುರುತು ಸಿಗುವಂತಹ ಚಿತ್ರವನ್ನಾಗಲಿ ವರದಿಯನ್ನಾಗಲಿ ಅವರ ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಗಳ ಒಳಗೆ ಪ್ರತಿ ಕೊಡಬೇಕು.

ಹೀಗಿದ್ದರೂ ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತಿಗೆ ಸಾಕ್ಷ್ಯ ಕಾನೂನು ನೀಡಿರುವ ರಕ್ಷಣೆ ವೈದ್ಯ ಮತ್ತು ರೋಗಿಯ ನಡುವಿನ ಮಾತಿಗೆ ಇಲ್ಲ. ನ್ಯಾಯಾಲಯ ಕೇಳಿದರೆ ವೈದ್ಯರು ಹೇಳಲೇಬೇಕು. ಈ ಗೋಪ್ಯತೆಯ ಮಿತಿ ಎಲ್ಲಿದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು 1998ರಲ್ಲಿ, ಹೆಸರನ್ನು ಮರೆಮಾಚಿ ನಡೆಸಲಾದ ಪ್ರಕರಣವೊಂದರಲ್ಲಿ. ನಾಗಾಲ್ಯಾಂಡಿನ ವೈದ್ಯರೊಬ್ಬರು ಚೆನ್ನೈಯ ಆಸ್ಪತ್ರೆಯಲ್ಲಿ ರೋಗಿಯೊಬ್ಬರಿಗಾಗಿ ರಕ್ತ ಕೊಟ್ಟಾಗ ಅವರಿಗೆ ಎಚ್‌ಐವಿ ಸೋಂಕಿರುವುದು ಪತ್ತೆಯಾಯಿತು. ಆ ಸಂಗತಿ ಆಸ್ಪತ್ರೆಯಿಂದ ಹೊರಬಿದ್ದು, ನಿಶ್ಚಯವಾಗಿದ್ದ ಅವರ ಮದುವೆ ಮುರಿದು, ಅವರು ಊರನ್ನೇ ಬಿಡಬೇಕಾಯಿತು. ಗೋಪ್ಯತೆ ಪೂರ್ಣ ಹಕ್ಕಲ್ಲ, ಮದುವೆಯಾಗಲಿದ್ದ ಹೆಣ್ಣಿನ ಆರೋಗ್ಯದ ಹಕ್ಕೇ ಇಲ್ಲಿ ಮೇಲು ಎಂದು ನ್ಯಾಯಾಲಯ ತೀರ್ಪಿತ್ತಿತು. ಆದರೆ ಅಷ್ಟಕ್ಕೇ ನಿಲ್ಲದೆ ಸೋಂಕಿತರ ಮದುವೆಯ ಹಕ್ಕಿನ ಬಗೆಗೂ ಅದು ಆಡಿದ ಮಾತುಗಳು ಅನಗತ್ಯವಾಗಿದ್ದವೆಂದು 2002ರಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ ಒಪ್ಪಿಕೊಳ್ಳಬೇಕಾಯಿತು.

ಈ ಪ್ರಕರಣ ಉಳಿಸಿದ್ದ ಗೊಂದಲಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಲ್ಲಿ. ಸಂಗಾತಿಗೆ ಅಪಾಯವಿದೆಯೆಂದು ವೈದ್ಯರಿಗೋ ಆಪ್ತ ಸಮಾಲೋಚಕರಿಗೋ ಅನಿಸಿದರೂ ನೇರವಾಗಿ ಹೋಗಿ ಹೇಳುವಂತಿಲ್ಲ. ಸೋಂಕಿತರೇ ತಿಳಿಸುವಂತೆ ಮೊದಲು ಅವರಿಗೆ ತಿಳಿಹೇಳಬೇಕು, ಅವರು ತಿಳಿಸಲಾರರೆಂದು ಖಚಿತವಾದ ಮೇಲೆ ತಾವೇ ತಿಳಿಸುತ್ತೇವೆಂದು ಅವರಿಗೆ ಮುಂಚಿತವಾಗಿ ಹೇಳಬೇಕು, ಆಮೇಲಷ್ಟೇ ಸಂಗಾತಿಯನ್ನು ಮುಖತಃ ಕಂಡು ಸಮಾಲೋಚನೆಯೊಂದಿಗೆ ತಿಳಿಸಬಹುದು. ಸೋಂಕಿತರು ಹೆಣ್ಣಾಗಿದ್ದು, ಹಾಗೆ ಹೇಳಿದರೆ ಆಕೆಗೆ ಹಿಂಸೆಯೋ ಪರಿತ್ಯಾಗವೋ ಎದುರಾದೀತೆಂಬ ಭಯವಿದ್ದಲ್ಲಿ ತಿಳಿಸಲೇಬಾರದು. ಇಷ್ಟು ನಾಜೂಕಾಗಿ, ಇಷ್ಟು ಮಾನವೀಯವಾಗಿ ರೂಪಿಸಿದ ಕಾನೂನಿನ ಕಲಮುಗಳು ನಮ್ಮಲ್ಲಿ ಹೆಚ್ಚಿಲ್ಲ.

ಗೋಪ್ಯತೆಯನ್ನು ಉಳ್ಳವರ ಸೊಗಸೆಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ಅದರ ಅಗತ್ಯ ಹೆಚ್ಚಾಗಿರುವುದು ಬಡವರಿಗೆ, ಹೆಂಗಸರಿಗೆ, ಸಣ್ಣ ಊರುಗಳಲ್ಲಿ ಬದುಕುವವರಿಗೆ. ತಾಲ್ಲೂಕು ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಹಿಂದೆ ಇಪ್ಪತ್ತು ಜನ ಸಾಲುಗಟ್ಟಿರುವಾಗ ಏನು ಕಾಯಿಲೆಯೆಂದು ಗಟ್ಟಿಯಾಗಿ ಕೇಳಿದರೆ, ಬಿಳಿಸೆರಗಿನ ತೊಂದರೆಗೋ ಮಾನಸಿಕ ಸಂಕಟಕ್ಕೋ ಬಂದಾಕೆ ಜ್ವರವೆಂದು ಸುಳ್ಳು ಹೇಳಿ ಮಾತ್ರೆ ಪಡೆದು ಹೋಗುತ್ತಾಳೆ. ತಮ್ಮೂರಿನವರ ಕಣ್ಣಿಗೆ ಬೀಳಬಾರದೆಂದು ಹತ್ತಿರದ ಎಆರ್‌ಟಿ ಕೇಂದ್ರವನ್ನು, ಅಂದರೆ ಎಚ್‌ಐವಿಗೆ ಉಚಿತ ಔಷಧ ನೀಡುವ ಸರ್ಕಾರಿ ಕೇಂದ್ರವನ್ನು ಬಿಟ್ಟು ದೂರದ ಜಿಲ್ಲೆಗೆ ಬಸ್ಸು ಹತ್ತುವವರಿದ್ದಾರೆ. ಕೈಯಲ್ಲಿ ಹಣವಿಲ್ಲದ ತಿಂಗಳು ಆ ಪ್ರಯಾಣ ತಪ್ಪುತ್ತದೆ, ಅದರೊಂದಿಗೆ ಔಷಧವೂ ತಪ್ಪುತ್ತದೆ.

ಕ್ಷಯರೋಗವನ್ನು ವರದಿ ಮಾಡುವುದು 2012ರಿಂದ ಖಾಸಗಿ ವೈದ್ಯರಿಗೂ ಕಡ್ಡಾಯವಾಗಿದ್ದು, ರೋಗಿಯ ವಿವರ ನಿಕ್ಷಯ್ ಎಂಬ ರಾಷ್ಟ್ರೀಯ ಜಾಲದಲ್ಲಿ ದಾಖಲಾಗುತ್ತದೆ. ಸೋಂಕು ತಡೆಯಲು ಇದು ಬೇಕೇ ಬೇಕು. ಆದರೆ ವರದಿ ಮಾಡುವುದು ಆರೋಗ್ಯ ಇಲಾಖೆಗೇ ಹೊರತು ಓಣಿಯ ಜನಕ್ಕಲ್ಲ ಎಂಬ ಭರವಸೆ ಇಲ್ಲದಿದ್ದರೆ ಕೆಮ್ಮುವವರು ಪರೀಕ್ಷೆಗೇ ಬರುವುದಿಲ್ಲ. ಗರ್ಭಪಾತದ ವಿಷಯದಲ್ಲಿ ಕಾನೂನು ಇನ್ನೂ ಬಿಗಿಯಾಗಿದೆ. 2021ರ ತಿದ್ದುಪಡಿಯ ಪ್ರಕಾರ ಗರ್ಭಪಾತಕ್ಕೆ ಬಂದವಳ ಹೆಸರನ್ನು ಕಾನೂನು ಅಧಿಕಾರ ನೀಡಿದವರ ಹೊರತು ಮತ್ತಾರಿಗೂ ತಿಳಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಹದಿನೆಂಟು ತುಂಬದ ಹುಡುಗಿ ಬಂದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕಾದ ಇಕ್ಕಟ್ಟು ಎದುರಾಗುತ್ತಿತ್ತು. ಆಕೆ ಮತ್ತು ಆಕೆಯ ಪೋಷಕರು ಕೋರಿದರೆ ಗುರುತನ್ನು ಆ ವರದಿಯಲ್ಲಿ ಹೇಳಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ಹೆಸರು ಬಯಲಾಗುವ ಹೆದರಿಕೆಯಿಂದ ಹುಡುಗಿಯರು ಕಳ್ಳ ವೈದ್ಯರ ಪಾಲಾಗಬಾರದು ಎಂಬುದೇ ಇದರ ಹಿಂದಿನ ಕಳಕಳಿ.

ಇದೆಲ್ಲಕ್ಕಿಂತ ಹೆಚ್ಚು ಸೂಕ್ಷ್ಮವಾದದ್ದು, ಕಾನೂನಿನ ಪುಸ್ತಕಗಳಲ್ಲಿ ಅಷ್ಟಾಗಿ ಕಾಣದ್ದು, ಕುಟುಂಬದ ಪ್ರಶ್ನೆ. ನಮ್ಮಲ್ಲಿ ಕ್ಯಾನ್ಸರ್ ಪತ್ತೆಯಾದರೆ ವೈದ್ಯರು ರೋಗಿಯನ್ನು ಹೊರಗೆ ಕೂರಿಸಿ ಮಗನನ್ನೋ ಗಂಡನನ್ನೋ ಒಳಗೆ ಕರೆಯುವುದು ವಾಡಿಕೆ. ಮನೆಯವರು ಹಣ ಹೊಂದಿಸುತ್ತಾರೆ, ರಾತ್ರಿಯಿಡೀ ಆಸ್ಪತ್ರೆಯ ಜಗಲಿಯಲ್ಲಿ ಕಾಯುತ್ತಾರೆ, ಊಟ ತರುತ್ತಾರೆ. ಅವರನ್ನು ಪರಕೀಯರೆಂದು ದೂರವಿಡುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದರೆ ಈ ಪ್ರೀತಿಯ ಮರೆಯಲ್ಲಿ ರೋಗಿಯ ಹಕ್ಕು, ವಿಶೇಷವಾಗಿ ಹೆಣ್ಣಿನ ಹಕ್ಕು, ಮೆಲ್ಲನೆ ಮನೆಯವರ ವಶವಾಗುತ್ತದೆ. ವಯಸ್ಕ ಹೆಣ್ಣಿನ ಗರ್ಭಪಾತಕ್ಕೆ ಆಕೆಯೊಬ್ಬಳ ಒಪ್ಪಿಗೆ ಸಾಕೆಂದು ಕಾನೂನು ಹೇಳಿದರೂ ಗಂಡನ ಸಹಿಗಾಗಿ ಒತ್ತಾಯಿಸುವ ಆಸ್ಪತ್ರೆಗಳಿವೆ. ಬಂಜೆತನದ ಪರೀಕ್ಷೆಯ ಫಲಿತಾಂಶ ಹೆಂಡತಿಗಿಂತ ಮೊದಲು ಅತ್ತೆಯ ಕಿವಿ ತಲುಪುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಗಂಟನ್ನು ಬಿಡಿಸಲು ತೋರಿದ ದಾರಿ ಉಳಿದ ಕಾಯಿಲೆಗಳಿಗೂ ಮಾದರಿಯಾಗಬಲ್ಲದು. ಅದರಂತೆ ಮಾಹಿತಿಯ ಗೋಪ್ಯತೆ ರೋಗಿಯ ಹಕ್ಕು. ತನ್ನ ಪರವಾಗಿ ಯಾರು ನಿಲ್ಲಬೇಕೆಂಬುದನ್ನು, ಅಂದರೆ ನಾಮನಿರ್ದೇಶಿತ ಪ್ರತಿನಿಧಿಯನ್ನು, ರೋಗಿಯೇ ಮುಂಚಿತವಾಗಿ ಬರೆದುಕೊಡಬಹುದು. ಆ ಪ್ರತಿನಿಧಿಗೂ ತನ್ನ ಕರ್ತವ್ಯಕ್ಕೆ ಬೇಕಾದಷ್ಟು ಮಾಹಿತಿ ಮಾತ್ರ ಸಿಗುತ್ತದೆ. ದಾಖಲಾತಿಯ ಹೊತ್ತಿಗೆ “ನಿಮ್ಮ ಕಾಯಿಲೆಯ ವಿಷಯ ಯಾರಿಗೆ ಹೇಳಬಹುದು?” ಎಂದು ರೋಗಿಯನ್ನೇ ಕೇಳಿ ಕೇಸ್ ಶೀಟಿನಲ್ಲಿ ಬರೆದುಕೊಳ್ಳಲು ಯಾವ ಆಸ್ಪತ್ರೆಗೂ ಅರ್ಧ ನಿಮಿಷ ಸಾಕು.

ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ಪ್ರಕರಣದ ಅರ್ಜಿದಾರರು ಕನ್ನಡ ನಾಡಿನವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿದ ಆ ಮೊಕದ್ದಮೆಯ ತೀರ್ಪು ವೈದ್ಯಕೀಯ ದಾಖಲೆಯನ್ನೂ ಕುರಿತು ಮಾತಾಡಿದೆ: ಆಸ್ಪತ್ರೆಗೆ ಒಪ್ಪಿಸಿದ ದಾಖಲೆಯನ್ನು ಅನುಮತಿಯಿಲ್ಲದೆ ಹೊರಗೆ ಕೊಡುವುದು ಖಾಸಗಿತನದ ಉಲ್ಲಂಘನೆ, ವ್ಯಕ್ತಿಗಳ ಗುರುತನ್ನು ಮರೆಮಾಚಿ ಒಟ್ಟು ಅಂಕಿಅಂಶಗಳನ್ನು ಸಾರ್ವಜನಿಕ ಆರೋಗ್ಯ ನೀತಿಗೆ ಬಳಸುವುದು ಸಮ್ಮತ. ಮೂರು ವರ್ಷ ಕಳೆಯುವ ಮೊದಲೇ ಈ ಮಾತು ಮರೆತುಹೋಯಿತು. ಕೋವಿಡ್ ಕಾಲಿಟ್ಟ 2020ರ ಮಾರ್ಚಿನಲ್ಲಿ ವಿದೇಶದಿಂದ ಮರಳಿ ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಜಿಲ್ಲಾವಾರು ಪಟ್ಟಿಯನ್ನು ಕರ್ನಾಟಕ ಸರ್ಕಾರವೇ ಅಂತರ್ಜಾಲದಲ್ಲಿ ಪ್ರಕಟಿಸಿತು. ಆ ಪಟ್ಟಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿ, ಕಾಯಿಲೆಯೇ ಇಲ್ಲದವರೂ ನೆರೆಹೊರೆಯವರ ಕಣ್ಣಲ್ಲಿ ಅಸ್ಪೃಶ್ಯರಾದರು. ಭೀತಿಯ ಆ ದಿನಗಳಲ್ಲಿ ಆಡಳಿತಕ್ಕೆ ಒತ್ತಡವಿದ್ದದ್ದು ನಿಜ, ಆದರೆ ಕಣ್ಗಾವಲಿಗೆ ಬೇಕಿದ್ದದ್ದು ಆರೋಗ್ಯ ಕಾರ್ಯಕರ್ತರ ಕೈಯಲ್ಲಿ ಪಟ್ಟಿಯಿರುವುದೇ ಹೊರತು ಜಗತ್ತಿನ ಕೈಯಲ್ಲಲ್ಲ. ಮುಂದೆ 2021ರ ಜನವರಿಯಲ್ಲಿ, ಆರೋಗ್ಯ ಸೇತು ಆ್ಯಪ್ ಸಂಗ್ರಹಿಸಿದ ಆರೋಗ್ಯ ಮಾಹಿತಿಯನ್ನು ಬಳಕೆದಾರರ ತಿಳಿವಳಿಕೆಯುಕ್ತ ಸಮ್ಮತಿಯಿಲ್ಲದೆ ಹಂಚಿಕೊಳ್ಳದಂತೆ ಕರ್ನಾಟಕ ಹೈಕೋರ್ಟ್ ಮಧ್ಯಂತರ ಆದೇಶ ನೀಡಿತು.

ಗುರುತು ಮರೆಮಾಚುವುದೂ ಸುಲಭದ ಕೆಲಸವಲ್ಲ. ಹೆಸರು ಅಳಿಸಿ, ವಯಸ್ಸು, ಲಿಂಗ, ಊರು ಮತ್ತು ಕಾಯಿಲೆಯನ್ನಷ್ಟೇ ಉಳಿಸಿದ ಪಟ್ಟಿ ಬೆಂಗಳೂರಿನಲ್ಲಿ ಯಾರನ್ನೂ ತೋರಿಸಿಕೊಡಲಾರದು. ನಾನೂರು ಜನರ ಹಳ್ಳಿಯಲ್ಲಿ 62 ವರ್ಷದ, ಡಯಾಲಿಸಿಸ್ ಮಾಡಿಸಿಕೊಳ್ಳುವ ಹೆಂಗಸು ಯಾರೆಂದು ಎಲ್ಲರಿಗೂ ಗೊತ್ತು.

ಈಗ ಇಡೀ ವ್ಯವಸ್ಥೆಯೇ ಕಾಗದದಿಂದ ಕಂಪ್ಯೂಟರಿಗೆ ಸಾಗುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ ಆಭಾ ಎಂಬ 14 ಅಂಕಿಯ ಆರೋಗ್ಯ ಗುರುತು ಸಂಖ್ಯೆ ನೀಡುತ್ತದೆ. ಬಹಳ ಜನ ಭಾವಿಸುವಂತೆ ಎಲ್ಲ ದಾಖಲೆಗಳೂ ದಿಲ್ಲಿಯ ಒಂದೇ ಉಗ್ರಾಣದಲ್ಲಿ ಶೇಖರವಾಗುವುದಿಲ್ಲ. ಆಯಾ ಆಸ್ಪತ್ರೆಯ ದಾಖಲೆ ಅಲ್ಲಲ್ಲೇ ಉಳಿದು, ಬೇರೊಂದು ಆಸ್ಪತ್ರೆ ಕೇಳಿದಾಗ ರೋಗಿಯ ಮೊಬೈಲಿಗೆ ಸಮ್ಮತಿ ಕೋರಿಕೆ ಬರುತ್ತದೆ, ಯಾವ ಬಗೆಯ ದಾಖಲೆ, ಯಾವ ಅವಧಿಯದು, ಎಷ್ಟು ದಿನ ನೋಡಬಹುದು ಎಂಬುದನ್ನು ರೋಗಿ ನಿರ್ಧರಿಸಬಹುದು, ಕೊಟ್ಟ ಸಮ್ಮತಿಯನ್ನು ಹಿಂಪಡೆಯಲೂಬಹುದು. ಕಾಗದದ ಮೇಲೆ ಇದು ಉತ್ತಮ ವಿನ್ಯಾಸ. ಆದರೆ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಬೇಗ ಟೋಕನ್ ಸಿಗಲೆಂದು ಯಾರದೋ ಕೈಗೆ ಫೋನ್ ಕೊಟ್ಟು, ಬಂದ ಒಟಿಪಿಯನ್ನು ಕೂಗಿ ಹೇಳುವ ವೃದ್ಧರು ಕೊಡುವುದನ್ನು ಸಮ್ಮತಿ ಎನ್ನಲಾಗದು. ಆಭಾ ಸಂಖ್ಯೆ ಪಡೆಯುವುದು ಐಚ್ಛಿಕವೆಂಬುದನ್ನು ಅವರಿಗೆ ಹೇಳುವವರೂ ಅಲ್ಲಿರುವುದಿಲ್ಲ.

ಡಿಜಿಟಲ್ ದಾಖಲೆಯ ಇನ್ನೊಂದು ಅಪಾಯವನ್ನು ದೇಶ 2022ರ ನವೆಂಬರ್ 23ರಂದು ಕಂಡಿತು. ದಿಲ್ಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ ನುಗ್ಗಿದ ಸೈಬರ್ ದಾಳಿಕೋರರು ಸುಮಾರು 1.3 ಟೆರಾಬೈಟ್ ದತ್ತಾಂಶವನ್ನು ಯಾರೂ ತೆರೆಯಲಾಗದಂತೆ ಗೂಢಲಿಪಿಗೆ ಬದಲಿಸಿಬಿಟ್ಟರು; ದೇಶದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೊಂದು ದಿನಗಟ್ಟಲೆ ನೋಂದಣಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು. ಜಾಲವನ್ನು ಸರಿಯಾಗಿ ವಿಭಾಗಿಸದೆ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದ್ದೇ ದಾಳಿಗೆ ದಾರಿಯಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಇಂತಹ ದಾಳಿಗಳು ಸುದ್ದಿಯಾಗುತ್ತವೆ. ಸುದ್ದಿಯಾಗದೆ ದಿನನಿತ್ಯ ನಡೆಯುವ ಸೋರಿಕೆ ಸಾಮಾನ್ಯ ಕೈತಪ್ಪುಗಳದ್ದು. ಹೆಸರು ಕಾಣುವ ಎಕ್ಸ್‌ರೇ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಹತ್ತು ಜನ ಒಂದೇ ಪಾಸ್‌ವರ್ಡ್ ಬಳಸುವುದು, ಹಳೆಯ ವರದಿಗಳನ್ನು ರದ್ದಿಗೆ ಮಾರುವುದು, ಇವಕ್ಕೆ ಯಾವ ಸೈಬರ್ ಕೋಟೆಯೂ ಮದ್ದಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಸ್ಪತ್ರೆಗಳನ್ನೂ ಒಳಗೊಳ್ಳುತ್ತದೆ. ಮಾಹಿತಿಯನ್ನು ಕಾಪಾಡುವಲ್ಲಿ ತಕ್ಕ ಎಚ್ಚರ ವಹಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಸೋರಿಕೆಯಾದರೆ ಅದನ್ನು ಸಂಬಂಧಪಟ್ಟ ವ್ಯಕ್ತಿಗೂ ತಿಳಿಸಬೇಕು. ವೈದ್ಯಕೀಯ ತುರ್ತು ಮತ್ತು ಸಾಂಕ್ರಾಮಿಕ ರೋಗದ ಸಂದರ್ಭದಲ್ಲಿ ಸಮ್ಮತಿಗೆ ಕಾಯಬೇಕಿಲ್ಲ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳ ಪಾಲನೆಗೆ ಮಾತ್ರ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಯಿತು. ಆದರೆ ಎರಡು ಕೊರತೆಗಳು ಎದ್ದು ಕಾಣುತ್ತವೆ. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿಯೆಂದು ಪ್ರತ್ಯೇಕಿಸಿದ್ದವು. ಹೊಸ ಕಾಯ್ದೆಯಲ್ಲಿ ಫೋನ್ ನಂಬರಿಗೂ ಎಚ್‌ಐವಿ ವರದಿಗೂ ವ್ಯತ್ಯಾಸವಿಲ್ಲ. ಎರಡನೆಯದಾಗಿ, ಅದು ಅನ್ವಯಿಸುವುದು ಡಿಜಿಟಲ್ ರೂಪದ ಮಾಹಿತಿಗಷ್ಟೇ. ಮಂಚದ ಕಾಲಿಗೆ ತೂಗುಹಾಕಿದ, ಬಂದುಹೋಗುವವರೆಲ್ಲ ತಿರುವಿ ನೋಡುವ ಕಾಗದದ ಕೇಸ್ ಶೀಟ್ ಅದರ ವ್ಯಾಪ್ತಿಗೆ ಬರುವುದೇ ಇಲ್ಲ.

ರೋಗಿ ತಾನಾಗಿ ಮಾಹಿತಿಯನ್ನು ಬಿಟ್ಟುಕೊಡುವ ದೊಡ್ಡ ಬಾಗಿಲು ವಿಮೆ. ನಗದುರಹಿತ ಚಿಕಿತ್ಸೆಗೆ ಸಹಿ ಹಾಕುವಾಗ ತನ್ನ ಎಲ್ಲ ವೈದ್ಯಕೀಯ ಪತ್ರಗಳನ್ನು ವಿಮಾ ಕಂಪನಿಗೂ, ಅದರ ಪರವಾಗಿ ಕ್ಲೇಮುಗಳನ್ನು ಪರಿಶೀಲಿಸುವ ಟಿಪಿಎ ಎಂಬ ಮಧ್ಯವರ್ತಿ ಸಂಸ್ಥೆಗೂ ಕೊಡಲು ರೋಗಿ ಒಪ್ಪಿರುತ್ತಾನೆ. ಹಣ ಪಾವತಿಗೆ ಅದು ಬೇಕು. ಆದರೆ ಸಂಬಳದ ಜೊತೆ ವಿಮೆ ಕೊಡಿಸಿದ ಮಾತ್ರಕ್ಕೆ ಕಚೇರಿಯ ಸಿಬ್ಬಂದಿ ವಿಭಾಗಕ್ಕೆ ನೌಕರನ ಡಿಸ್ಚಾರ್ಜ್ ಸಮರಿ ಓದುವ ಹಕ್ಕು ಬರುವುದಿಲ್ಲ.

ಕಾನೂನುಗಳು ಪೂರ್ತಿ ಜಾರಿಯಾಗುವವರೆಗೆ ಕಾಯದೆ ಆಸ್ಪತ್ರೆಗಳು ಇಂದೇ ಮಾಡಬಹುದಾದದ್ದು ಬಹಳ ಇದೆ: ಪರೀಕ್ಷಾ ಕೊಠಡಿಗೊಂದು ಪರದೆ, ಕೌಂಟರಿನ ಮುಂದೆ ಒಬ್ಬರಷ್ಟೇ ನಿಲ್ಲುವಂತೆ ಗೆರೆ, ಗುಮಾಸ್ತರಿಗೂ ಆಯಾಗಳಿಗೂ ಗೋಪ್ಯತೆಯ ತರಬೇತಿ. ರೋಗಿಗಳೂ ಸಹಿ ಹಾಕುವ ಮುನ್ನ ಅದು ಯಾವುದಕ್ಕೆ, ಯಾರಿಗೆ ಹೋಗುತ್ತದೆ ಎಂದು ಕೇಳಬೇಕು, ಒಟಿಪಿಯನ್ನು ತಿಳಿಯದೆ ಹೇಳಬಾರದು, ಚಿಕಿತ್ಸೆ ಮುಗಿದ ಮೇಲೆ ದಾಖಲೆಯ ಪ್ರತಿಯನ್ನು ಲಿಖಿತವಾಗಿ ಕೋರಿ ಪಡೆಯಬೇಕು. 72 ಗಂಟೆಗಳಲ್ಲಿ ಅದು ಸಿಗದಿದ್ದರೆ, ಅಥವಾ ತಮ್ಮ ಗುಟ್ಟನ್ನು ವೈದ್ಯರೇ ಬಯಲು ಮಾಡಿದ್ದರೆ, ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಯಾವ ರೋಗಿಯಾದರೂ ದೂರು ಸಲ್ಲಿಸಬಹುದು.